ಸತ್ತ ವಕೀಲನ ಗಡ್ಡ

ನಮ್ಮ ಸೀರಿಯಲ್‌ನಲ್ಲಿ ಸತ್ತವರು ತಿರುಗಿ ಬರಲು ಒಂದು ಕನ್ನಡಕ ಸಾಕು. ಬಹಳವೆಂದರೆ ಒಂದು ಮೀಸೆ. ವಾರಕ್ಕೊಂದು ಕೊಲೆ, ಅದರ ತನಿಖೆ, ಕೊನೆಗೆ ಬಂಧನ. ಇನ್‌ಸ್ಪೆಕ್ಟರ್ ಮತ್ತು ಅವನ ಪೇದೆಗಳು ಕಾಯಂ, ಉಳಿದ ನಾವೆಲ್ಲ ಅತಿಥಿ ಕಲಾವಿದರು. ಹೆಸರು ಕೇಳಲು ಚೆಂದ. ಈ ಅತಿಥಿಗಳಿಗೆ ಕೂರಲು ಕುರ್ಚಿ ಸಿಕ್ಕರೆ ಅದೇ ದೊಡ್ಡ ಸತ್ಕಾರ.

ಎಷ್ಟೋ ವರ್ಷಗಳಿಂದ ನಾನು ಅಲ್ಲಿಗೆ ಹೋಗಿಬರುತ್ತಿದ್ದೆ. ಗಂಡನಿಗೆ ವಿಷ ಹಾಕಿ ಜೈಲಿಗೆ ಹೋದವಳು ನಾನೇ. ಕೆಲವು ತಿಂಗಳ ಮೇಲೆ ಕನ್ನಡಕ ಏರಿಸಿಕೊಂಡು ಅದೇ ಜೈಲಿನ ಅಧಿಕಾರಿಯಾಗಿ ಬಂದವಳೂ ನಾನೇ. ಕೊಲೆಯಾದವನ ತಾಯಿ, ಕೊಲೆ ಮಾಡಿದವನ ತಾಯಿ, ಅವರಿಬ್ಬರಿಗೂ ಮನೆ ಬಾಡಿಗೆಗೆ ಕೊಟ್ಟ ಮುದುಕಿ, ಎಲ್ಲ ಆಗಿದೆ. ಯಾವ ಪಾತ್ರವಾದರೂ ಅಳುವುದಂತೂ ತಪ್ಪುತ್ತಿರಲಿಲ್ಲವಾದ್ದರಿಂದ ಸೆಟ್ಟಿನಲ್ಲಿ ನನಗೆ ಅಳುಮುಂಜಿ ಅಮ್ಮ ಎಂದೇ ಹೆಸರು. ನೋಡುವ ಜನ ಒಮ್ಮೆಯೂ ಚಕಾರ ಎತ್ತಲಿಲ್ಲ. ಒಂದು ಪಾತ್ರಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ತಿಂಗಳು ಬಿಡಬೇಕು ಎಂಬುದೊಂದೇ ನಿಯಮ. "ಮುಖ ಸ್ವಲ್ಪ ಆರಲಿ ಅಮ್ಮ, ಆಮೇಲೆ ಕರೀತೀನಿ" ಎನ್ನುತ್ತಿದ್ದ ಮ್ಯಾನೇಜರ್, ಬಿಸಿ ಹಾಲು ಇಳಿಸಿಟ್ಟವನ ಹಾಗೆ.

ನಾನೂ ನಗುತ್ತಲೇ ಒಪ್ಪಿಕೊಂಡಿದ್ದೆ. ವಕೀಲನ ಮುಖವೂ ಹೀಗೆ ಆರುತ್ತದೆ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ವಕೀಲ ಎಂದರೆ ನಿಜದ ವಕೀಲನಲ್ಲ. ಕೊಲೆಗಾರರನ್ನು ಬಿಡಿಸಿಕೊಂಡು ಹೋಗುವ ಲಫಂಗ ವಕೀಲನ ಪಾತ್ರ ಮಾಡುತ್ತಿದ್ದ ನಟ. ಆಗಾಗ ಬಂದುಹೋಗುವ ಪಾತ್ರ, ಜನ ಬಾಯಿತುಂಬ ಬೈಯುತ್ತಿದ್ದರು, ಅವನಿಗೆ ಅದೇ ಹೆಮ್ಮೆ. ನಾವೂ ಅವನನ್ನು ವಕೀಲ ಎಂದೇ ಕರೆಯುತ್ತಿದ್ದೆವು.

ನನ್ನ ಅಕ್ಕನ ಮಗಳು ಅದೇ ಸೆಟ್ಟಿನಲ್ಲಿ ಮೇಕಪ್ ಕೆಲಸಕ್ಕಿದ್ದಳು. ಚಿಕ್ಕ ಮೈಕಟ್ಟು, ಚುರುಕು ಕೈ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತೇವೆ. ಗಡ್ಡ ಮೀಸೆ ಅಂಟಿಸುವುದರಲ್ಲಿ ಅವಳದು ಎತ್ತಿದ ಕೈ. ಅಂಗಡಿಯಿಂದ ತಂದ ಸಿದ್ಧ ಗಡ್ಡ ದೂರದ ಶಾಟಿಗೆ ಸರಿ, ಕ್ಯಾಮೆರಾ ಹತ್ತಿರ ಬಂದರೆ ಮಾನ ಕಳೆಯುತ್ತದೆ. ಚರ್ಮಕ್ಕೆ ಅಂಟು ಸವರಿ, ಕೂದಲನ್ನು ಸಣ್ಣ ಸಣ್ಣ ಕುಚ್ಚು ಮಾಡಿ, ಗದ್ದದ ಕೆಳಗಿನಿಂದ ಕೂರಿಸುತ್ತ ಕೆನ್ನೆಗೆ ಏರಬೇಕು. ಅಂಟಿಸುವವಳ ಮುಖಕ್ಕೆ ಅಂಟಿಸಿಕೊಳ್ಳುವವನ ಉಸಿರು ತಾಗುವಷ್ಟು ಹತ್ತಿರದ ಕೆಲಸ ಅದು.

ಒಂದು ದಿನ ಗುಬ್ಬಿ ವಕೀಲನ ಮೀಸೆ ಸರಿಮಾಡಲು ಹೋದಾಗ ಅವನು ಮೇಕಪ್ ರೂಮಿನ ಚಿಲಕ ಹಾಕಿ, ಸೊಂಟ ಹಿಡಿದು ಎಳೆದು, ಕೂಗದಂತೆ ಅವಳ ಬಾಯಿ ಅದುಮಿದ. ಗುಬ್ಬಿ ಅವನ ಕೈ ಕಚ್ಚಿ ಹೇಗೋ ಚಿಲಕ ತೆಗೆದು ಓಡಿಬಂದಳು. ನಾನು ಅವತ್ತು ಸೆಟ್ಟಿನಲ್ಲೇ ಇದ್ದೆ. ಆಕಾಶ ಭೂಮಿ ಒಂದು ಮಾಡಿದೆ. ಡೈರೆಕ್ಟರ್ ನನ್ನೆದುರು ಕೈಮುಗಿದು, "ದೂರುಗೀರು ಬೇಡ ಅಮ್ಮ, ಸೀರಿಯಲ್ ನಿಂತುಹೋಗುತ್ತೆ. ಅವನನ್ನ ತೆಗೆದುಹಾಕ್ತೀವಿ, ನನ್ನ ಮಾತು ನಂಬಿ" ಅಂದ. ನಂಬಿದೆವು. ಮುಂದಿನ ಕಂತಿನಲ್ಲೇ ವಕೀಲ ರಸ್ತೆ ದಾಟುವಾಗ ಲಾರಿ ಹೊಡೆದು ಸತ್ತ. ಜನ ಸಂಭ್ರಮಪಟ್ಟರು. ನಾನೂ ಪಟ್ಟೆ.

ಗುಬ್ಬಿ ನನ್ನಿಂದ ಒಂದೇ ಮಾತು ತೆಗೆದುಕೊಂಡಳು. "ಅಮ್ಮಂಗೆ ಗೊತ್ತಾಗೋದು ಬೇಡ ಚಿಕ್ಕಮ್ಮ. ಗೊತ್ತಾದ್ರೆ ನಾಳೆಯಿಂದ ಮನೇಲಿ ಕೂರಿಸ್ತಾಳೆ. ನಾನೇನು ತಪ್ಪು ಮಾಡಿದೀನಿ ಅಂತ ಕೂರಲಿ?" ಅವಳ ಮಾತು ಸರಿಯೇ ಇತ್ತು. ಕೆಲಸ ಅವಳದು, ಕೈ ಅವಳದು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮತ್ತೆ ಮ್ಯಾನೇಜರ್ ಫೋನ್ ಮಾಡಿದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. "ಒಳ್ಳೇ ಪಾತ್ರ ಅಮ್ಮ. ನಿಮ್ಮ ಮಗಳನ್ನ ಯಾರೋ ಎತ್ತಾಕ್ಕೊಂಡು ಹೋಗಿರ್ತಾರೆ. ಸ್ಕೂಲಿನ ಹೆಡ್‌ಮಾಸ್ಟರ್ ಕಾಪಾಡ್ಕೊಂಡು ಬರ್ತಾರೆ. ನೀವು ಅವರ ಕೈ ಹಿಡ್ಕೊಂಡು ಅಳಬೇಕು. ಅಷ್ಟೇ."

"ಹೆಡ್‌ಮಾಸ್ಟರ್ ಯಾರು?"

"ಯಾರೋ ಹಿರಿಯರು. ಬನ್ನಿ ಅಮ್ಮ, ನೀವೇ ನೋಡ್ತೀರಲ್ಲ."

ನೋಡಿದೆ. ಮೇಕಪ್ ರೂಮಿನ ಕನ್ನಡಿಯ ಮುಂದೆ, ಕೊರಳಿಗೆ ಟವೆಲ್ ಸುತ್ತಿಕೊಂಡು, ನುಣ್ಣಗೆ ಬೋಳಿಸಿದ ಮುಖ ಎತ್ತಿ ವಕೀಲ ಕೂತಿದ್ದ. ಲಾರಿ ಹೊಡೆದ ಗುರುತು ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಗುಬ್ಬಿ ಬಿಳಿಗೂದಲಿನ ಕಟ್ಟು ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಮ್ಯಾನೇಜರನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಇವನನ್ನ ತೆಗೆದುಹಾಕಿದ್ರಲ್ಲಯ್ಯಾ?"

"ತೆಗೆದ್ವಲ್ಲ ಅಮ್ಮ. ವಕೀಲ ಸತ್ತ, ಊರೆಲ್ಲ ನೋಡಿದೆ. ಇವರು ಹೆಡ್‌ಮಾಸ್ಟರ್. ಪಾತ್ರಾನೇ ಬೇರೆ."

"ಮನುಷ್ಯ ಅವನೇ ಅಲ್ವೇನೋ!"

"ನೀವು ಗಂಡಂಗೆ ವಿಷ ಹಾಕಿ, ಆಮೇಲೆ ಜೈಲಿನ ಮೇಡಂ ಆಗಿ ಬರಲಿಲ್ವಾ? ಆಗ ಯಾರಾದ್ರೂ ಬೇಡ ಅಂದ್ರಾ?"

ನಾನು ಹಾಕಿದ ವಿಷ ಸಕ್ಕರೆ ಪುಡಿ, ಸತ್ತ ಗಂಡ ಆಮೇಲೆ ನನ್ನ ಜೊತೆಯೇ ಕೂತು ಕಾಫಿ ಕುಡಿದ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಟ್ಟ ಆ ಮನುಷ್ಯನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಕಳ್ಳನೋಟವಾದರೂ ಇದ್ದಿದ್ದರೆ ಜಗಳ ಆಡಬಹುದಿತ್ತು. ಅವನು ಅದನ್ನು ನಿಜವಾಗಿಯೂ ನಂಬಿದ್ದ. ಅದೇ ಅಸಹ್ಯ.

ಮ್ಯಾನೇಜರ್ ಮೇಕಪ್ ರೂಮಿನ ಬಾಗಿಲಲ್ಲೇ ನಿಂತು ಗುಬ್ಬಿಗೆ ಹೇಳಿದ. "ಬೇಗ ಶುರುಮಾಡಮ್ಮ. ಗಡ್ಡ ಇಲ್ಲದೆ ಇವರನ್ನ ತೋರಿಸೋಕಾಗಲ್ಲ, ಗುರುತು ಹಿಡಿದುಬಿಡ್ತಾರೆ. ಆಗಲ್ಲ ಅಂದ್ರೆ ಪೆಟ್ಟಿಗೆ ಇಟ್ಟು ಹೊರಡು, ಬೇರೆಯವರನ್ನ ನೋಡ್ಕೊತೀವಿ."

ಗುಬ್ಬಿ ಹೆಜ್ಜೆ ಮುಂದಿಟ್ಟಳು. ಅಂಟಿನ ಸೀಸೆಯ ಮುಚ್ಚಳ ತೆಗೆಯಲು ಅವಳ ಬೆರಳು ಬರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಸೀಸೆ ಕಿತ್ತುಕೊಂಡು, "ನಾನು ಅಂಟಿಸ್ತೀನಿ, ನೀನು ಹೊರಗೆ ಹೋಗು" ಅಂದೆ. ನಾಟಕದ ಕಂಪನಿಯಲ್ಲಿದ್ದಾಗ ಗಂಡಸರ ಗಡ್ಡವನ್ನೆಲ್ಲ ನಾವೇ ಅಂಟಿಸುತ್ತಿದ್ದೆವು, ಕೈ ಅದನ್ನು ಮರೆತಿರಲಿಲ್ಲ.

ಅವನ ಗದ್ದ ಹಿಡಿದು ಎತ್ತಿದಾಗ ಮೈಯೆಲ್ಲ ಮುಳ್ಳೆದ್ದಿತು. ಬೆಚ್ಚಗೆ, ಮೆತ್ತಗೆ, ಸೆಂಟಿನ ವಾಸನೆಯ ಚರ್ಮ. ಬಾಯಿಂದ ಏಲಕ್ಕಿ ವಾಸನೆ. ಕೆಟ್ಟ ಮನುಷ್ಯರ ಬಾಯಿ ನಾರಬೇಕು ಎಂದು ನಾನು ಯಾಕೆ ಅಂದುಕೊಂಡಿದ್ದೆನೋ. ಅವನು ಕಣ್ಣು ಮುಚ್ಚಿಕೊಂಡು ಆರಾಮಾಗಿ ಮಾತಿಗೆ ತೊಡಗಿದ.

"ಆ ಹುಡುಗಿ ನಿಮ್ಮ ಅಕ್ಕನ ಮಗಳು ಅಂತ ನಂಗೆ ಆಮೇಲೆ ಗೊತ್ತಾಯ್ತು. ಮೊದ್ಲೇ ಗೊತ್ತಿದ್ರೆ..."

"ಗೊತ್ತಿದ್ರೆ?"

"ಅಯ್ಯೋ, ಬೇಜಾರು ಮಾಡ್ಕೊಬೇಡಿ. ನೀವೂ ಕಲಾವಿದರು, ನಿಮಗೆ ಅರ್ಥ ಆಗುತ್ತೆ. ನಾನು ಪಾತ್ರದೊಳಗೆ ಇಳಿದ್ರೆ ಪೂರ್ತಿ ಇಳಿದುಬಿಡ್ತೀನಿ. ಆ ವಕೀಲ ಎಂಥ ಹೊಲಸು ಮನುಷ್ಯ! ಕೂತ್ರೆ ನಿಂತ್ರೆ ಅವನೇ ಮೈಮೇಲೆ. ಅವತ್ತು ಆಗಿದ್ದು ಅವನಿಂದ. ಈಗ ನೋಡಿ, ಹೆಡ್‌ಮಾಸ್ಟರ್ ಆದಾಗಿಂದ ಮನಸ್ಸು ಎಷ್ಟು ಶಾಂತವಾಗಿದೆ."

ಅಂಟಿನ ಕುಂಚ ಅವನ ಮೂಗಿಗೆ ತುರುಕಬೇಕು ಅನ್ನಿಸಿತು. ತುರುಕಲಿಲ್ಲ. ಕುಚ್ಚಿನ ಮೇಲೆ ಕುಚ್ಚು ಕೂರಿಸುತ್ತ ಹೋದೆ. ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು, ಅಚ್ಚುಕಟ್ಟಾಗಿ ಮಾಡಿತು, ಅದಕ್ಕೂ ನನಗೆ ಹೇಸಿಗೆಯಾಯಿತು. ಕೊನೆಗೆ ಕನ್ನಡಿಯಲ್ಲಿ ನೋಡಿದರೆ ಯಾವ ತಾಯಿಯಾದರೂ ಮಗಳನ್ನು ನಂಬಿ ಕಳಿಸಬಹುದಾದ ಮುದುಕ ಕೂತಿದ್ದ. ನನ್ನ ಕೈಯಾರೆ ಮಾಡಿಕೊಟ್ಟಿದ್ದೆ. ಅವನು ಗಡ್ಡ ನೇವರಿಸಿಕೊಂಡು "ವಾಹ್" ಅಂದ.

ಶಾಲೆಯೆಂದು ತೋರಿಸಲು ಹಿಡಿದಿದ್ದ ಹಳೆಯ ಕಟ್ಟಡದ ಹಜಾರದಲ್ಲಿ ದೃಶ್ಯ. ಕಾಪಾಡಲ್ಪಟ್ಟ ಮಗಳಾಗಿ ಒಂದು ಹುಡುಗಿ ಕಂಬಳಿ ಹೊದ್ದು ನಿಂತಿತ್ತು. ನಾನು ಓಡಿಬಂದು ಹೆಡ್‌ಮಾಸ್ಟರರ ಎರಡೂ ಕೈ ಹಿಡಿದುಕೊಂಡು, "ನೀವು ದೇವರಂಥೋರು. ನೀವಿಲ್ದಿದ್ರೆ ನನ್ನ ಮಗಳು ನಂಗೆ ಸಿಗ್ತಿರಲಿಲ್ಲ" ಎನ್ನಬೇಕು. ಗುಬ್ಬಿ ಪೌಡರ್ ಡಬ್ಬಿ ಹಿಡಿದು ಕ್ಯಾಮೆರಾದ ಹಿಂದೆ ನಿಂತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು.

ಓಡಿಬಂದೆ. ಕೈ ಹಿಡಿದೆ. ಬಲಗೈಯ ಹೆಬ್ಬೆರಳ ಬುಡದಲ್ಲಿ ಗುಬ್ಬಿ ಕಚ್ಚಿದ ಕಲೆ ಇನ್ನೂ ಇತ್ತು. ಅದನ್ನು ಕಂಡ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ಬೇರೆ ಮಾತು ಬಂತು.

"ಮೇಕಪ್ ರೂಮಿನ ಚಿಲಕ ಹಾಕಿ ನಮ್ಮ ಹುಡುಗಿ ಬಾಯಿ ಅದುಮಿದೆಯಲ್ಲ, ಅದೇ ಕೈ ಇದು. ಈ ಕೈ ಹಿಡ್ಕೊಂಡು ನಿನ್ನ ದೇವರು ಅನ್ನಬೇಕಂತೆ ನಾನು. ಗಡ್ಡ ಅಂಟಿಸ್ಕೊಂಡ್ರೆ ಬೇರೆ ಮನುಷ್ಯ ಆಗಿಬಿಡ್ತೀಯೇನೋ? ಥೂ!"

ಕಣ್ಣಲ್ಲಿ ಧಾರಾಕಾರ ನೀರು. ಲೈಟಿನವರು, ಕ್ಯಾಮೆರಾದವರು, ಚಹಾ ಕೊಡುವವರು ಎಲ್ಲರೂ ಕೇಳಿಸಿಕೊಂಡಿದ್ದರು. ಈಗ ಏನಾದರೂ ಆಗಲೇಬೇಕು, ಯಾರಾದರೂ ಬಾಯಿ ಬಿಡಲೇಬೇಕು ಅಂದುಕೊಂಡೆ.

ಬಾಯಿ ಬಿಟ್ಟವನು ಡೈರೆಕ್ಟರ್. "ಕಟ್. ಅಮ್ಮ, ಡೈಲಾಗ್ ಅದಲ್ಲ. ಆದ್ರೂ ಪರವಾಗಿಲ್ಲ, ಅಳು ಮಾತ್ರ ಸಕ್ಕತ್ತಾಗಿ ಬಂತು, ಇನ್ನೊಂದ್ಸಲ ಹಾಗೆ ಬರಲ್ಲ. ಇದನ್ನೇ ಇಟ್ಕೊಳ್ಳೋಣ. ಮಾತನ್ನ ಡಬ್ಬಿಂಗ್‌ನಲ್ಲಿ ಸರಿಮಾಡ್ಕೊತೀವಿ."

ಸೆಟ್ಟಿನಲ್ಲಿ ಆಡಿದ ಮಾತನ್ನು ನಮ್ಮವರು ಇಟ್ಟುಕೊಳ್ಳುವುದಿಲ್ಲ. ಜನರೇಟರಿನ ಗಲಾಟೆಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಒಂದು ರೂಮಿನಲ್ಲಿ ತೆರೆ ನೋಡುತ್ತ ಮಾತು ತುಂಬಿಸುತ್ತಾರೆ. ನಾನು ಹೋಗದಿದ್ದರೆ ನನ್ನ ತುಟಿಗೆ ದನಿ ಕೊಡಲು ಬೇರೆ ಹೆಂಗಸರಿದ್ದಾರೆ. ಲೈಟಿನವರು ಲೈಟು ಆರಿಸಿದರು. ಮುಂದಿನ ದೃಶ್ಯಕ್ಕೆ ಮೇಜು ಹೊತ್ತರು. ಹೆಡ್‌ಮಾಸ್ಟರ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ಗಡ್ಡ ಕದಲದಂತೆ ಜೋಪಾನವಾಗಿ, ಕುರ್ಚಿಗೆ ಹೋಗಿ ಕೂತ. ನನ್ನನ್ನು ಯಾರೂ ಬೈಯಲಿಲ್ಲ ಕೂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುಬ್ಬಿ ಪೌಡರ್ ಡಬ್ಬಿಯನ್ನು ಮ್ಯಾನೇಜರನ ಕೈಯಲ್ಲಿಟ್ಟು ನನ್ನ ಜೊತೆ ಹೊರಟುಬಂದಳು. ಸದ್ಯಕ್ಕೆ ಸೆಟ್ಟಿನಲ್ಲಿ ಕೆಲಸ ಕಡಿಮೆ ಎಂದು ಅಕ್ಕನಿಗೆ ಸುಳ್ಳು ಹೇಳಿದಳು. ಆಮೇಲೆ ನನ್ನ ಜೊತೆಗೂ ಅವಳ ಮಾತು ಕಡಿಮೆಯಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ತೊಳೆಯುತ್ತ ಕೈ ನಿಲ್ಲಿಸಿ ನಿಂತುಬಿಡುತ್ತಾಳೆ ಎಂದು ಅಕ್ಕ ಫೋನಿನಲ್ಲಿ ಗೋಳಾಡಿದಳು. "ಯಾವನಾದ್ರೂ ಪ್ರೀತಿಗೀತಿ ಮಾಡಿ ಕೈಕೊಟ್ಟಿದಾನೇನೇ?" ಎಂದು ನನ್ನನ್ನೇ ಕೇಳಿದಳು. ನನ್ನ ಬಾಯಿಗೆ ಇನ್ನೂ ಬೀಗವಿತ್ತು.

ಆ ಕಂತು ಬಂದ ವಾರ ನಾನು ಅಕ್ಕನ ಮನೆಯಲ್ಲಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಬಟ್ಟೆ ಮಡಿಸುತ್ತ ಟೀವಿ ಮುಂದೆ ಕೂತು, ನೆಟ್ಟಿನಲ್ಲಿ ಅದನ್ನು ಹಾಕಿಸಿಕೊಂಡಳು. ತಂಗಿ ಬರುವ ಕಂತನ್ನು ಅವಳು ತಪ್ಪಿಸುವವಳಲ್ಲ. ಬೇಡ ಎಂದರೆ ಕಾರಣ ಕೇಳುತ್ತಾಳೆ. ನಾನೂ ಅವಳ ಪಕ್ಕದಲ್ಲಿ ಕೂತೆ. ಗುಬ್ಬಿ ಬಾಗಿಲಿಗೆ ಒರಗಿ ನಿಂತಳು.

ತೆರೆಯ ಮೇಲೆ ನಾನು ಓಡಿಬಂದೆ. ಕೈ ಹಿಡಿದೆ. ಕಣ್ಣಲ್ಲಿ ಧಾರಾಕಾರ ನೀರು. ಯಾವಳೋ ಒಬ್ಬಳ ಜೇನಿನಂಥ ದನಿ ನನ್ನ ಬಾಯಿಂದ ಬಂತು. "ನೀವು ದೇವರಂಥೋರು. ನೀವಿಲ್ದಿದ್ರೆ ನನ್ನ ಮಗಳು ನಂಗೆ ಸಿಗ್ತಿರಲಿಲ್ಲ." ಹಿಂದೆ ಪಿಟೀಲು. ನನ್ನ ರೋಷವೆಲ್ಲ ಕೃತಜ್ಞತೆಯಾಗಿ ಹೊಳೆಯುತ್ತಿತ್ತು. ಮೈಮೇಲೆ ಯಾರೋ ಎಂಜಲು ನೀರು ಎರಚಿದ ಹಾಗಾಯಿತು. ಆ ಹೆಂಗಸಿನ ಮುಖಕ್ಕೆ, ಅಂದರೆ ನನ್ನ ಮುಖಕ್ಕೆ, ನಾನೇ ಉಗಿಯಬೇಕು ಅನ್ನಿಸಿತು.

ಅಕ್ಕ ಕಣ್ಣೊರೆಸಿಕೊಂಡಳು. "ಎಂಥ ಮನುಷ್ಯ ನೋಡೇ. ಇಂಥೋರು ಒಬ್ಬೊಬ್ರು ಇರೋದಕ್ಕೇ ಹೆಣ್ಣುಮಕ್ಕಳು ಧೈರ್ಯವಾಗಿ ಹೊರಗೆ ಹೋಗಿಬರೋದು. ಏನಂತೀಯೇ ಗುಬ್ಬಿ?"

ಗುಬ್ಬಿ ಬಂದು ಅಕ್ಕನ ಪಕ್ಕದಲ್ಲಿದ್ದ ರಿಮೋಟ್ ತೆಗೆದುಕೊಂಡಳು. ದೃಶ್ಯವನ್ನು ಹಿಂದಕ್ಕೆ ತಂದಳು. ದನಿಯನ್ನು ಪೂರ್ತಿ ಇಳಿಸಿದಳು. ತೆರೆಯ ಮೇಲೆ ನಾನು ಮತ್ತೆ ಓಡಿಬಂದು ಅವನ ಕೈ ಹಿಡಿದೆ. ಸದ್ದಿಲ್ಲದೆ ತುಟಿಗಳು ಮಾತ್ರ ಅಲುಗುತ್ತಿದ್ದವು.

"ಹೇಳು ಚಿಕ್ಕಮ್ಮ" ಅಂದಳು ಗುಬ್ಬಿ.

"ಅಮ್ಮ ಇದಾಳೆ ಕಣೇ."

"ಇರಲಿ. ಹೇಳು."

ಹೇಳಿದೆ. ತೆರೆಯ ಮೇಲಿನ ತುಟಿಗೆ ಸರಿಯಾಗಿ, ಒಂದಕ್ಷರ ಬಿಡದೆ ಹೇಳಿದೆ. ಕೊನೆಯ ಥೂ ಅನ್ನು ಅವರು ಕತ್ತರಿಸಿದ್ದರು, ನಾನು ಕತ್ತರಿಸಲಿಲ್ಲ.

ಹೆಡ್‌ಮಾಸ್ಟರಿಗಾಗಿ ಬಂದ ಕಣ್ಣೀರು ಅಕ್ಕನ ಕೆನ್ನೆಯ ಮೇಲೆ ಇನ್ನೂ ಒದ್ದೆಯಾಗಿತ್ತು. ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಅವಳು ನನ್ನ ಕಡೆ ನೋಡಿದಳು, ಟೀವಿಯಲ್ಲಿ ನಗುತ್ತಿದ್ದ ಗಡ್ಡದವನ ಕಡೆ ನೋಡಿದಳು.

"ನಮ್ಮ ಹುಡುಗಿ ಅಂದ್ಯಲ್ಲ," ಅಂದಳು, "ಯಾವ ಹುಡುಗೀನೇ?"

"ನಾನೇ ಅಮ್ಮ" ಅಂದಳು ಗುಬ್ಬಿ.