ಕ್ಯಾಪ್ಟನ್ ಮಲಗುವ ಮಗ್ಗುಲು

ಕ್ಯಾಪ್ಟನ್ನನ್ನೂ ಎಂಜಿನಿಯರಮ್ಮನನ್ನೂ ಈ ಪುಸ್ತಕದಲ್ಲಿ ಒಂದುಗೂಡಿಸಬಹುದು ಎಂದು ಕಂಪನಿಯಿಂದ ಒಪ್ಪಿಗೆ ಬಂದ ಸಂಜೆ, ಕಾದಂಬರಿಗಾರ್ತಿಯ ಗಂಡ ತನ್ನ ಕೆಲಸದ ಕೋಣೆಯಿಂದ ಎದ್ದು ಬಂದು ಕೈ ತೊಳೆದುಕೊಂಡ. ಅವನು ಹಲ್ಲಿನ ಸೆಟ್ಟು ಮಾಡುವವನು. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಅವನಿಗೆ ಕಳಿಸುತ್ತಿದ್ದರು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು.

"ಅಂತೂ ನಿನ್ನ ಕ್ಯಾಪ್ಟನ್ ಬಾಯಿ ಬಿಟ್ಟ ಅನ್ನು."

"ಎಲ್ಲಿ ಬಿಟ್ಟ? ಇನ್ನು ನಾನು ಬಿಡಿಸಬೇಕು."

"ಬಾಯಿ ಬಿಡಿಸೋ ಕೆಲಸ ನಮ್ಮದು ಕಣೇ. ಆಗದಿದ್ದರೆ ನನ್ನ ಹತ್ತಿರ ಕಳಿಸು."

"ಅವನ ಹಲ್ಲು ಗಟ್ಟಿಯಾಗೇ ಇವೆ ರೀ. ತೊಂದರೆ ಇರೋದು ನಾಲಿಗೆಯದು."

ಆ ಇಬ್ಬರೂ ಟೀವಿಯಲ್ಲಿ ಹುಟ್ಟಿದವರು. ನಕ್ಷತ್ರಗಳ ನಡುವೆ ಸರಕು ಸಾಗಿಸುವ ಒಂದು ಹಡಗು, ಅದನ್ನು ನಡೆಸುವ ಕ್ಯಾಪ್ಟನ್, ಅದರ ಹೊಟ್ಟೆಯೊಳಗೆ ಕೂತು ಯಂತ್ರ ನೋಡಿಕೊಳ್ಳುವ ಎಂಜಿನಿಯರಮ್ಮ. ಧಾರಾವಾಹಿ ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಸಂಜೆಯ ಹೊತ್ತು ಹಳೆಯ ಕಂತುಗಳು ಇಂದಿಗೂ ಬರುತ್ತಿದ್ದವು, ಮತ್ತು ಅದೇ ಪಾತ್ರಗಳನ್ನಿಟ್ಟುಕೊಂಡು ಅವಳು ಬರೆಯುವ ಕಾದಂಬರಿಗಳು ಪುಸ್ತಕದಂಗಡಿಯ ಮುಂದಿನ ಸಾಲಿನಲ್ಲೇ ಕೂರುತ್ತಿದ್ದವು. ಓದುಗರು ತರಕಾರಿ ಕೊಳ್ಳುವಲ್ಲೂ ಅವಳನ್ನು ಬಿಡುತ್ತಿರಲಿಲ್ಲ. "ಯಾವಾಗಮ್ಮಾ ಆ ಇಬ್ಬರದು?" ಎಂದು ತೂಕ ಹಾಕುತ್ತಲೇ ಕೇಳಿದವರಿದ್ದಾರೆ.

ಅವಳ ಕೈಯಲ್ಲಿದ್ದರೆ ತಾನೆ? ಈ ಬಗೆಯ ಬರವಣಿಗೆಗೆ ಒಂದೇ ಕಟ್ಟುಪಾಡು. ಪಾತ್ರಗಳು ಧಾರಾವಾಹಿ ಮಾಡಿದ ಕಂಪನಿಯವು, ಎರವಲು ತಂದಂತೆಯೇ ಹಿಂತಿರುಗಿಸಬೇಕು. ಪಕ್ಕದ ಮನೆಯಿಂದ ತಂದ ಕೊಳಗಕ್ಕೆ ನಗ್ಗು ಬೀಳಬಾರದಲ್ಲ, ಹಾಗೆ. ಕ್ಯಾಪ್ಟನ್ನಿನ ಕೈ ಮುರಿದರೆ ಕೊನೆಯ ಅಧ್ಯಾಯದೊಳಗೆ ಕೂಡಿಕೊಳ್ಳಬೇಕು. ಎಂಜಿನಿಯರಮ್ಮನ ಮನಸ್ಸು ಮುರಿದರೂ ಅಷ್ಟೇ. ಯಾವ ಪುಸ್ತಕ ಮುಗಿದಾಗಲೂ ಅವರು ಟೀವಿಯಲ್ಲಿದ್ದ ಹಾಗೇ ಇರಬೇಕು, ಮೂವತ್ತರ ಹರೆಯದಲ್ಲಿ, ಒಬ್ಬರಿಂದೊಬ್ಬರು ಒಂದು ಮೆಟ್ಟಿಲ ದೂರದಲ್ಲಿ.

ಆ ಕಟ್ಟುಪಾಡನ್ನು ಅವಳು ಮುರಿದಿದ್ದಳು. ಮೊದಲ ಸಲ ಅರಿವಿಲ್ಲದೆಯೇ. ಸೂಜಿಗೆ ದಾರ ಪೋಣಿಸಲು ತಾನು ಕೈ ದೂರ ಚಾಚಬೇಕಾಗಿ ಬಂದ ವರ್ಷ, ಎಂಜಿನಿಯರಮ್ಮನೂ ಯಂತ್ರದ ನಕ್ಷೆಯನ್ನು ಕಣ್ಣಿನಿಂದ ದೂರ ಹಿಡಿದಳು. ಯಾರೂ ಅದನ್ನು ಹೊಡೆದುಹಾಕಲಿಲ್ಲ. ಕಂಪನಿಯಲ್ಲಿ ಹಸ್ತಪ್ರತಿ ನೋಡುವವರು ಹಡಗಿಗೆ ಎಷ್ಟು ಬಾಗಿಲು, ಯಾವ ಗುಂಡಿ ಯಾವ ಬಣ್ಣ ಎಂದು ಹುಡುಕುತ್ತಿದ್ದರೇ ಹೊರತು, ಒಬ್ಬ ಹೆಂಗಸಿನ ಕಣ್ಣು ಮಂದವಾದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಅವಳು ಬೇಕೆಂದೇ ಮಾಡಿದಳು. ಒಂದು ಪುಸ್ತಕದಲ್ಲಿ ಎಂಜಿನಿಯರಮ್ಮ ಬೂಟಿನ ದಾರ ಕಟ್ಟಲು ಮೆಟ್ಟಿಲ ಮೇಲೆ ಕೂತಳು. ಇನ್ನೊಂದರಲ್ಲಿ ಕನ್ನಡಕ ಬಂತು. ಮತ್ತೊಂದರಲ್ಲಿ ಕಿವಿಯ ಹಿಂದೆ ಬಿಳಿ ಕೂದಲು. ಕ್ಯಾಪ್ಟನ್ ಯಾರಾದರೂ ಮಾತಾಡಿದರೆ "ಏನಂದಿರಿ?" ಎಂದು ಇನ್ನೊಮ್ಮೆ ಕೇಳತೊಡಗಿದ.

ನಾದಿನಿ ಬಂದಾಗಲೆಲ್ಲ ಕೇಳುವುದಿತ್ತು, "ಅತ್ತಿಗೆ, ಬೇರೆಯವರ ಜನಗಳನ್ನ ಎಷ್ಟು ದಿನ ಸಾಕ್ತೀರಿ? ನಿಮ್ಮದೇ ಅಂತ ಒಂದು ಬರೀಬಾರದಾ?" ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆ ಹಡಗು ಅವಳದಲ್ಲ, ಆ ನಕ್ಷತ್ರಗಳು ಅವಳದಲ್ಲ, ಆ ಹೆಂಗಸಿನ ಮುಖ ಕೂಡ ಯಾರೋ ನಟಿಯದು. ಆದರೆ ಆ ಹೆಂಗಸಿನ ಮೇಲೆ ಹಾದುಹೋದ ವರ್ಷಗಳು ಅವಳವು. ಅವನ್ನು ಯಾರೂ ಅವಳಿಗೆ ಎರವಲು ಕೊಟ್ಟಿರಲಿಲ್ಲ. ಇದನ್ನು ನಾದಿನಿಗೆ ಬಿಡಿಸಿ ಹೇಳುವುದು ಹೇಗೆ?

ಹಸ್ತಪ್ರತಿ ಕಳಿಸಿದ ಕೆಲವು ವಾರಗಳ ಮೇಲೆ ಪ್ರಕಾಶನದ ಸಂಪಾದಕರು ಫೋನ್ ಮಾಡಿದರು. ದನಿಯಲ್ಲೇ ತಲೆನೋವು ಕೇಳಿಸುತ್ತಿತ್ತು.

"ಮೇಡಂ, ಕಂಪನಿಯಲ್ಲಿ ಒಪ್ಪಿಗೆ ಕೊಡೋ ಜಾಗಕ್ಕೆ ಹೊಸ ಹುಡುಗಿ ಬಂದಿದ್ದಾಳೆ. ನಿಮ್ಮ ಎಲ್ಲ ಪುಸ್ತಕ ಓದಿದ್ದಾಳಂತೆ."

"ಒಳ್ಳೇದಾಯ್ತಲ್ಲ."

"ಒಳ್ಳೇದಲ್ಲ ಮೇಡಂ. ಲೆಕ್ಕ ಹಾಕಿದ್ದಾಳೆ. ಎಂಜಿನಿಯರಮ್ಮನಿಗೆ ಐವತ್ತಾಗ್ತಾ ಬಂತು ಅಂತಿದ್ದಾಳೆ. ಕನ್ನಡಕ, ಬಿಳಿ ಕೂದಲು, ಕ್ಯಾಪ್ಟನ್ನಿನ ಮಂದ ಕಿವಿ, ಎಲ್ಲ ತೆಗೀಬೇಕಂತೆ. ಇಲ್ಲಾಂದ್ರೆ ಸಹಿ ಇಲ್ಲ."

"ತೆಗೆಯಲ್ಲ ಅಂದರೆ?"

"ಕೊನೇ ಅಧ್ಯಾಯ ಬೇರೆ ಯಾರ ಕೈಲಾದರೂ ಬರೆಸ್ತಾರೆ. ಅವರ ಪಾತ್ರ, ಅವರ ಹಕ್ಕು. ನಿಮಗೆ ಗೊತ್ತಿಲ್ಲದ್ದೇನಲ್ಲ."

ಗೊತ್ತಿಲ್ಲದ್ದೇನಲ್ಲ. ಇಷ್ಟು ವರ್ಷ ಆ ಇಬ್ಬರನ್ನು ಮೆಟ್ಟಿಲವರೆಗೆ ಕರೆತಂದವಳು ತಾನು, ಬಾಗಿಲು ತೆರೆಯುವವರು ಇನ್ಯಾರೋ ಆಗಬಹುದು ಎಂದು ಯೋಚಿಸಿದಾಗ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಗಂಡ ಸೆಟ್ಟುಗಳನ್ನು ತಲುಪಿಸಲು ಹೋಗುವ ದಾರಿಯಲ್ಲಿ ಅವಳನ್ನು ಕಂಪನಿಯ ಮುಂದೆ ಇಳಿಸಿದ. "ಸೋತು ಬಂದರೂ ಪರವಾಗಿಲ್ಲ, ಗೊಣಗಿಕೊಂಡು ಬರಬೇಡ," ಎಂದು ಸ್ಕೂಟರ್ ತಿರುಗಿಸಿದ.

ಸಭೆಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಹಡಗಿನ ಮಾದರಿ ಇತ್ತು. ಒಂದು ರೆಕ್ಕೆ ಕಳಚಿ, ಅಂಟು ಹಾಕಿದ ಗುರುತು ಕಾಣುತ್ತಿತ್ತು. ಸಂಪಾದಕರು ಆಗಲೇ ಬಂದು ಕೂತು, ಖಾಲಿ ಕಾಗದದ ಲೋಟವನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಒಪ್ಪಿಗೆ ಕೊಡುವ ಹುಡುಗಿ ಎದ್ದು ನಿಂತಳು. ಮುಖದಲ್ಲಿ ಅಧಿಕಾರಕ್ಕಿಂತ ಸಂಕೋಚವೇ ಹೆಚ್ಚಿತ್ತು.

"ನಿಮ್ಮ ಪುಸ್ತಕ ಶಾಲೆ ಬ್ಯಾಗಲ್ಲಿಟ್ಟುಕೊಂಡು ಓದಿದವಳು ನಾನು, ಮೇಡಂ. ಪಾಠದ ಪುಸ್ತಕದ ಒಳಗಿಟ್ಟು."

"ಸಿಕ್ಕಿಬಿದ್ದಿಲ್ಲವಾ?"

"ಬಿದ್ದೆ. ಟೀಚರ್ ಕಿತ್ತುಕೊಂಡು ತಾವೂ ಓದಿದರು." ಹುಡುಗಿ ನಕ್ಕಳು. ಮತ್ತೆ ಗಂಭೀರವಾದಳು. "ಆವಾಗ ಎಂಜಿನಿಯರಮ್ಮ ಹೇಗಿದ್ದಳೋ ನನಗೆ ಹಾಗೇ ಇರಬೇಕು. ನಾನೊಬ್ಬಳೇ ಅಲ್ಲ, ದಿನಾ ಟೀವಿಯಲ್ಲಿ ನೋಡೋರಿಗೂ ಹಾಗೇ ಬೇಕು. ಅವರ ಲೋಕದಲ್ಲಿ ಕಾಲ ಸರಿಯೋದಿಲ್ಲ ಮೇಡಂ. ಅದೇ ಅದರ ಚಂದ."

"ಕಾಲ ಸರಿಯದಿದ್ದರೆ ಅವರು ಕಾದದ್ದು ಹೇಗಮ್ಮ? ಹೊರಗೆ ಗೋಡೆ ಮೇಲೆ ಹಾಕಿದ್ದೀರಲ್ಲ, 'ಬಹುಕಾಲ ಕಾದ ಪ್ರೀತಿ' ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ. ಕಾದವರು ಕಾದ ಹಾಗೆ ಕಾಣಬೇಡವಾ?"

ಸಂಪಾದಕರು ಲೋಟ ಕೆಳಗಿಟ್ಟರು. "ಮೇಡಂ, ಎರಡು ಬಿಳಿ ಕೂದಲಿಗಾಗಿ ಅಚ್ಚಿನ ಮನೆಯನ್ನ ಕಾಯಿಸೋದಾ? ಬಣ್ಣ ಹಚ್ಚಿಬಿಡಿ. ನಾನೇ ಹಚ್ಚಿಕೊಂಡಿಲ್ಲವೇ?"

"ನಿಮ್ಮದು ಗೊತ್ತಾಗುತ್ತೆ ಸರ್," ಎಂದಳು ಹುಡುಗಿ. ಅವರು ತಲೆ ಮುಟ್ಟಿಕೊಂಡರು.

ಕಾದಂಬರಿಗಾರ್ತಿ ಚೀಲದಿಂದ ಕೊನೆಯ ಅಧ್ಯಾಯ ತೆಗೆದಳು. "ಕೂದಲು, ಕನ್ನಡಕ ಒತ್ತಟ್ಟಿಗಿರಲಿ. ಈ ಕಿವಿ ತೆಗೆದರೆ ಏನಾಗುತ್ತೆ ಅಂತ ಕೇಳಿಸಿಕೊಳ್ಳಿ. ಆಮೇಲೆ ನೀವೇ ಹೇಳಿ."

ಅವಳು ಓದತೊಡಗಿದಳು. ಯುದ್ಧವಿಲ್ಲ, ಸ್ಫೋಟವಿಲ್ಲ. ಹಡಗು ದುರಸ್ತಿಗೆ ನಿಂತಿದೆ. ಎಂಜಿನಿಯರಮ್ಮ ಕೊಳವೆಯ ಕೆಳಗೆ ಅಂಗಾತ ಮಲಗಿ ಕೈ ಹೊರಗೆ ಚಾಚುತ್ತಾಳೆ. ಯಾವ ಸ್ಪ್ಯಾನರ್ ಎಂದು ಕೇಳದೆ ಕ್ಯಾಪ್ಟನ್ ಸರಿಯಾದದ್ದನ್ನೇ ಇಡುತ್ತಾನೆ. ಕೆಲಸ ಮುಗಿದ ಮೇಲೆ, ಎಷ್ಟೋ ಪುಸ್ತಕಗಳಲ್ಲಿ ಗಂಟಲವರೆಗೆ ಬಂದು ನಿಂತ ಮಾತನ್ನು ಆಡುತ್ತಾನೆ. ನನ್ನ ಜೊತೆ ಇರುತ್ತೀರಾ ಎಂದು ಕೇಳುತ್ತಾನೆ.

"ಇರ್ತೀನಿ. ಆದರೆ ಮೇಲಿನ ನಿಮ್ಮ ಕೋಣೆಗೆ ನಾನು ಬರೋದಿಲ್ಲ. ಅಲ್ಲಿ ಎಂಜಿನ್ ಸದ್ದು ಕೇಳಿಸಲ್ಲ. ಅದರ ಉಸಿರು ತಪ್ಪಿದರೆ ನನಗೆ ಗೊತ್ತಾಗಬೇಕು," ಎನ್ನುತ್ತಾಳೆ ಎಂಜಿನಿಯರಮ್ಮ.

"ಹಾಗಾದರೆ ನಾನೇ ಕೆಳಗೆ ಬರ್ತೀನಿ."

"ಈ ಸದ್ದಲ್ಲಿ ನಿಮಗೆ ನಿದ್ದೆ ಹತ್ತಲ್ಲ ಕ್ಯಾಪ್ಟನ್‌ರೇ. ಹಿಂದೊಮ್ಮೆ ಮಲಗಿ ನೋಡಿದ್ದಿರಿ."

"ಆಗ ನನಗೆ ಎರಡು ಕಿವಿ ಇದ್ದವು. ಈಗ ಕೇಳೋ ಒಂದನ್ನು ದಿಂಬಿಗೆ ಒತ್ತಿಬಿಟ್ಟರೆ ನನ್ನ ಪಾಲಿಗೆ ಹಡಗೇ ನಿಂತ ಹಾಗೆ."

ಅವಳು ಅಲ್ಲಿಗೆ ನಿಲ್ಲಿಸಿ ತಲೆಯೆತ್ತಿದಳು. "ಅವನಿಗೆ ಮೂವತ್ತೈದು ಅಂತ ಮಾಡಿ. ಕಿವಿ ಚುರುಕಾಗಿರುತ್ತೆ. ಕೆಳಗೆ ಮಲಗೋಕೆ ಆಗಲ್ಲ. ಆಗ ಯಾರು ಜಾಗ ಬಿಡಬೇಕು? ಅವಳು ಯಂತ್ರ ಬಿಟ್ಟು ಮೆಟ್ಟಿಲು ಹತ್ತಬೇಕು. ಹರೆಯದಲ್ಲಿ ಅದಕ್ಕೇ ಅಲ್ಲವಾ ಇಬ್ಬರೂ ಬಾಯಿ ಬಿಡದೆ ಇದ್ದದ್ದು? ಈಗ ಒಬ್ಬರೂ ಏನೂ ಬಿಡಬೇಕಾಗಿಲ್ಲ. ವಯಸ್ಸು ಅವರಿಂದ ಕಿತ್ತುಕೊಂಡಿಲ್ಲಮ್ಮ, ಜಾಗ ಮಾಡಿಕೊಟ್ಟಿದೆ. ಅವಳನ್ನ ಮೇಲಿನ ಕೋಣೆಗೆ ಹತ್ತಿಸೋ ಹಾಗಿದ್ದರೆ ಬೇರೆಯವರ ಕೈಲಿ ಬರೆಸಿ. ನನ್ನ ಹೆಸರು ತೆಗೆದುಬಿಡಿ. ನಾನು ಬರೆಯಲ್ಲ."

ಬೇರೆಯವರ ಪಾತ್ರಗಳ ಪರವಾಗಿ ಇಷ್ಟು ನೆಟ್ಟಗೆ ಕೂತು ಮಾತಾಡುತ್ತಿರುವುದು ತಾನೇ ಎಂದು ಅವಳಿಗೇ ಸೋಜಿಗವಾಯಿತು.

ಹುಡುಗಿ ಗಾಜಿನ ಪೆಟ್ಟಿಗೆಯ ಕಡೆ ನೋಡುತ್ತ ಕೂತಿದ್ದಳು. "ಮುಂದೆ ಓದಿ," ಎಂದಳು ಕೊನೆಗೆ.

ಮುಂದಿದ್ದದ್ದು ಕೆಲವೇ ಸಾಲು. ಎಂಜಿನ್ನಿನ ಪಕ್ಕದ ಇಕ್ಕಟ್ಟಿನ ಕೋಣೆ, ಗೋಡೆಗೆ ಒತ್ತಿದ ಮಂಚ. ಯಂತ್ರ ಕರೆದ ಕೂಡಲೇ ಏಳಬೇಕಾದ ಎಂಜಿನಿಯರಮ್ಮ ಹೊರಗಿನ ಅಂಚಿಗೆ. ಕ್ಯಾಪ್ಟನ್ ಒಳಗೆ, ಗೋಡೆ ಎಡಕ್ಕೆ ಬರುವಂತೆ. ಮಂದವಾದ ಬಲಗಿವಿಯನ್ನು ಮೇಲೆ ಮಾಡಿ, ಕೇಳುವ ಎಡಗಿವಿಯನ್ನು ದಿಂಬಿಗೆ ಒತ್ತಿ, ಗೋಡೆಯ ಕಡೆ ಮುಖ ತಿರುಗಿಸಿ ಅವನು ನಿದ್ದೆಹೋದ. ಅವಳು ಅವನ ಬೆನ್ನು ನೋಡುತ್ತ, ಎಂಜಿನ್ನಿನ ಸದ್ದು ಕೇಳುತ್ತ ಎಚ್ಚರವಾಗಿದ್ದಳು.

"ಒಂದು ತಪ್ಪಿದೆ," ಎಂದಳು ಹುಡುಗಿ.

ಸಂಪಾದಕರು ಕಣ್ಣು ಮುಚ್ಚಿಕೊಂಡರು.

"ಬಲಗಿವಿ ಅಲ್ಲ ಮೇಡಂ. ಹಿಂದಿನ ಒಂದು ಪುಸ್ತಕದಲ್ಲಿ ಸರಕಿನ ಕೋಣೆಯ ಬಾಗಿಲು ಸಿಡೀತಲ್ಲ, ಆವಾಗ ಕ್ಯಾಪ್ಟನ್ ಎಂಜಿನಿಯರಮ್ಮನ್ನ ಹಿಂದೆ ತಳ್ಳಿ ಎಡಭುಜ ಅಡ್ಡ ಕೊಟ್ಟರು. ಅದರ ಕೊನೇ ಅಧ್ಯಾಯದಲ್ಲಿ ವಾಸಿ ಆಯ್ತು ಅಂತ ಬರೆದಿರಿ. ಆದರೆ ಅಲ್ಲಿಂದಾಚೆ ಯಾರಾದರೂ ಎಡಗಡೆ ಕೂತರೆ ಮಾತ್ರ ಅವರು ಎರಡು ಸಲ ಕೇಳ್ತಾರೆ. ಕಾಲಕಾಲಕ್ಕೆ ಸ್ವಲ್ಪ ಹೆಚ್ಚಾಗ್ತಾ ಬಂದಿದೆ. ಹೋದದ್ದು ಎಡಗಿವಿ."

ಕಾದಂಬರಿಗಾರ್ತಿ ಹಾಳೆಯತ್ತ ಬಗ್ಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಅವಳು ಮರೆತೇಬಿಟ್ಟಿದ್ದಳು. ಯಾರ ಕಣ್ಣಿಗೂ ಬೀಳದಂತೆ ಅಲ್ಲಲ್ಲಿ ಅಡಗಿಸುತ್ತ ಬಂದದ್ದನ್ನು ಒಂದು ಶಾಲೆಯ ಹುಡುಗಿ, ಪಾಠದ ಪುಸ್ತಕದ ಮರೆಯಲ್ಲಿ, ಒಂದೂ ಬಿಡದೆ ಆಯ್ದುಕೊಂಡಿದ್ದಳು. ಕಾಲ ಸರಿಯುವುದಿಲ್ಲ ಎಂದವಳೇ ಅದು ಸರಿದದ್ದನ್ನು ಬರೆದವಳಿಗಿಂತ ಚೆನ್ನಾಗಿ ನೆನಪಿಟ್ಟಿದ್ದಳು.

"ನಿನಗೆ ಇಷ್ಟೆಲ್ಲ ಗೊತ್ತಿತ್ತು. ಆದರೂ ಬೇಡ ಅಂದೆಯಲ್ಲ," ಎಂದಳು ಮೆಲ್ಲಗೆ.

"ಗೊತ್ತಿದ್ದದ್ದಕ್ಕೇ ಬೇಡ ಅಂದೆ. ಅವರಿಗೆ ವಯಸ್ಸಾಗಿ ಕೊನೆಗೂ ಏನೂ ಆಗದೇ ಹೋದರೆ ಅಂತ ಹೆದರಿದ್ದೆ. ಚಿಕ್ಕವರಾಗಿದ್ದರೆ ಇನ್ನೂ ಟೈಮ್ ಇರುತ್ತಲ್ಲ." ಹುಡುಗಿ ಪೆನ್ಸಿಲ್ ಮುಂದೆ ಸರಿಸಿದಳು. "ಎಡಗಿವಿ ಮಾಡಿ ಮೇಡಂ. ನಾನು ಸಹಿ ಹಾಕ್ತೀನಿ. ಕೂದಲೂ ಇರಲಿ."

"ಮೇಲಿನವರು?" ಎಂದರು ಸಂಪಾದಕರು.

"ಅವರು ಹಡಗಿನ ಬಾಗಿಲು ಎಣಿಸ್ತಾರೆ ಸರ್. ಬಾಗಿಲು ಸರಿಯಾಗಿವೆ."

ಕಾದಂಬರಿಗಾರ್ತಿ ಪೆನ್ಸಿಲ್ ತೆಗೆದುಕೊಂಡು 'ಬಲಗಿವಿ' ಎಂಬುದನ್ನು ಹೊಡೆದು 'ಎಡಗಿವಿ' ಎಂದು ಬರೆದಳು. ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದಳು. ಆದರೆ ಈಗ ಮಂದವಾದ ಎಡಗಿವಿ ಮೇಲೆ ಬರಬೇಕು. ಬಲಗಿವಿ ದಿಂಬಿಗೆ ಒತ್ತಬೇಕು. ಹಾಗಾದರೆ ಕ್ಯಾಪ್ಟನ್ ಮಲಗುವ ಮಗ್ಗುಲೇ ಬದಲಾಗಬೇಕು. ಗೋಡೆಗೆ ಬೆನ್ನು ಮಾಡಬೇಕು. ಪೆನ್ಸಿಲ್ ಕಾಗದದ ಮೇಲೆ ನಿಂತಿತು.

"ಏನಾಯ್ತು?" ಸಂಪಾದಕರು ಬಗ್ಗಿ ನೋಡಿದರು.

"ಹೊರಳಿದ," ಎಂದಳು ಅವಳು. "ನಾನು ಅವನನ್ನ ಗೋಡೆ ಕಡೆ ಮುಖ ಮಾಡಿಸಿ ಮಲಗಿಸಿದ್ದೆ. ಅವನು ಇವಳ ಕಡೆ ಹೊರಳಿದ."

ಹುಡುಗಿ ಕುರ್ಚಿಯಿಂದ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. ಕಾದಂಬರಿಗಾರ್ತಿ ಕೊನೆಯ ಸಾಲನ್ನು ಪೂರ್ತಿ ಹೊಡೆದುಹಾಕಿ, ನಿಧಾನವಾಗಿ, ದಪ್ಪ ಅಕ್ಷರಗಳಲ್ಲಿ ಮತ್ತೆ ಬರೆದಳು. ಎಂಜಿನಿಯರಮ್ಮ ಯಂತ್ರದ ಸದ್ದು ಕೇಳುತ್ತ ಅವನ ಮುಖ ನೋಡಿದಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಅವನಿಗೆ ತಿಳಿಯದಂತೆ ನೋಡಿದ್ದು ಅದೇ ಮೊದಲು.

ಮನೆಗೆ ಬಂದಾಗ ಗಂಡ ದೀಪದ ಕೆಳಗೆ ಯಾರದೋ ಕೆಳದವಡೆಯ ಸೆಟ್ಟಿಗೆ ಅರ ಹಾಕುತ್ತಿದ್ದ. ಮೋಟಾರು ನಿಲ್ಲಿಸಿ ಅವಳ ಮುಖ ನೋಡಿದ.

"ಗೊಣಗ್ತಾ ಇಲ್ಲ. ಅಂದರೆ ಗೆದ್ದೆ."

"ಆಯ್ತು ರೀ. ಇಬ್ಬರೂ ಕೂಡಿದರು. ಅವರ ವಯಸ್ಸಲ್ಲೇ ಕೂಡಿದರು."

"ಕ್ಯಾಪ್ಟನ್ ಗೊರಕೆ ಹೊಡೀತಾನಾ?"

"ಅದನ್ನ ಯಾರೂ ಕೇಳಲಿಲ್ಲ."

"ಅವಳು ಕೇಳ್ತಾಳೆ, ನೋಡ್ತಿರು," ಎಂದು ಅವನು ಮತ್ತೆ ಮೋಟಾರು ಹಾಕಿದ. ಅವಳು ಆ ಸದ್ದಿನಲ್ಲೇ ಕುರ್ಚಿ ಎಳೆದುಕೊಂಡು, ತಿದ್ದಿದ ಹಾಳೆಯನ್ನು ಮೊದಲ ಸಾಲಿನಿಂದ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು.