ಮುನಿಶಾಮಪ್ಪನವರ ಬಹುಮತ

ಲಕ್ಕಣ್ಣ ಮೈಸೂರಿನಲ್ಲಿ ಸೈಕಾಲಜಿ ಎಂ.ಎ. ಮುಗಿಸಿಕೊಂಡು ತಣಿಸಂದ್ರಕ್ಕೆ ವಾಪಸ್ಸಾದಾಗ, ಮುನಿಶಾಮಪ್ಪನ ಮಗ ಓದಿದ್ದು ಯಾವ ಕೆಲಸಕ್ಕೆ ಎಂಬುದು ಊರಿನಲ್ಲಿ ಯಾರಿಗೂ ಬಗೆಹರಿಯಲಿಲ್ಲ. ವಕೀಲಿಯಲ್ಲ, ಡಾಕ್ಟರಿಯಲ್ಲ, ಹೆಬ್ಬಾಳದ ಕೃಷಿ ಕಾಲೇಜಿನವರ ಹಾಗೆ ಬೀಜ ಗೊಬ್ಬರದ ಸಮಾಚಾರವೂ ಅಲ್ಲ. ಕೇಳಿದವರಿಗೆ ಅವನು ‘ಮನಸ್ಸಿನ ಶಾಸ್ತ್ರ’ ಎಂದ. ಹಾಗಾದರೆ ನಮ್ಮ ಮನಸ್ಸಿನಲ್ಲಿರುವುದೆಲ್ಲ ಇವನಿಗೆ ಕಾಣುತ್ತದೆ ಎಂದುಕೊಂಡ ಜನ ಕೆಲವು ದಿನ ಅವನು ಎದುರಿಗೆ ಸಿಕ್ಕಾಗಲೆಲ್ಲ ನೆಲ ನೋಡಿಕೊಂಡು ನಡೆದರು. ಅವನ ತಾಯಿ ಸೊಣ್ಣಮ್ಮನೇ ಕೊನೆಗೆ ಅವರಿಗೆ ಧೈರ್ಯ ಹೇಳಿದಳು: “ನೀವೇನೂ ಯೆದರ್ಕಬ್ಯಾಡಿ. ತಟ್ಟೆ ಮುಂದೆ ಕೂತ್ಕಂಡು ‘ಏನ್ ಸಾರವ್ವಾ’ ಅಂತ ನನ್ನೇ ಕೇಳ್ತಾನೆ. ಅವ್ನಿಗೇನೂ ಕಾಣಾಕಿಲ್ಲ.”

ಅವನಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಂಶೋಧನಾ ಸಹಾಯಕನ ಕೆಲಸ ಸಿಕ್ಕಿತು. ಅಲ್ಲಿನ ಪ್ರೊಫೆಸರು ಆಗತಾನೇ ಅಮೆರಿಕದಿಂದ ಬಂದಿದ್ದರು. ಅಲ್ಲಿ ಚುನಾವಣೆಗೆ ಮುಂಚೆ ಮನೆಮನೆಯ ಬಾಗಿಲು ತಟ್ಟಿ, ಯಾರಿಗೆ ಓಟು, ಯಾಕೆ ಓಟು ಎಂದು ಕೇಳಿ ಫಲಿತಾಂಶವನ್ನೇ ಮೊದಲು ಹೇಳಿಬಿಡುತ್ತಾರಂತೆ. ಆ ವಿದ್ಯೆಯನ್ನು ಪ್ರೊಫೆಸರು ಸೂಟಿನ ಜೊತೆಗೆ ಮಡಚಿ ತಂದಿದ್ದರು. “ಓಟು ಪೆಟ್ಟಿಗೆಯಲ್ಲಿ ಹುಟ್ಟೋದಿಲ್ಲ ಲಕ್ಕಣ್ಣ, ಮನಸ್ಸಿನಲ್ಲಿ ಹುಟ್ಟುತ್ತೆ. ಅಲ್ಲಿಗೇ ಹೋಗಿ ಹಿಡೀಬೇಕು” ಎನ್ನುತ್ತಿದ್ದರು. ಅದು ೧೯೬೦ರ ಆರಂಭ. ಹಳ್ಳಿಗಳಲ್ಲಿ ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು. ಗುರುತು ಪರಿಚಯವಿರುವ ಊರಾದರೆ ಜನ ಬಾಯಿ ಬಿಡುತ್ತಾರೆ ಎಂದು ಲೆಕ್ಕ ಹಾಕಿದ ಪ್ರೊಫೆಸರು, ಲಕ್ಕಣ್ಣನನ್ನು ಅವನ ಊರಿಗೇ ಕಳಿಸಿದರು. ಹೆಂಗಸರನ್ನು ಮಾತಾಡಿಸಲು ರೆಹಾನಾಳನ್ನು ಜೊತೆಗೆ ಹಾಕಿದರು.

ರೆಹಾನಾ ಯಶವಂತಪುರದವಳು. ಅವಳ ತಂದೆ ಖಾದರ್ ಬಾಷಾ ರೈಲ್ವೆಯಲ್ಲಿ ಗಾರ್ಡು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಸ್ಟೇಷನ್ನಿನಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಅವಳಿಗೆ ಗೊತ್ತಿತ್ತು. ಲಕ್ಕಣ್ಣನಿಗೆ ಅದೊಂದು ಗೊತ್ತಿರಲಿಲ್ಲ. ಎದುರಿನವರು ತಡವರಿಸಿದರೆ ಉತ್ತರವನ್ನು ತಾನೇ ಎತ್ತಿಕೊಡುತ್ತಿದ್ದ.

ಅಮೆರಿಕದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದೇ ಒಂದು ಸಾಹಸವಾಯಿತು. ‘ಸರ್ಕಾರದ ಮೇಲೆ ನಿಮಗೆ ಪೂರ್ಣ ನಂಬಿಕೆಯೋ, ಅಲ್ಪ ನಂಬಿಕೆಯೋ, ನಂಬಿಕೆ ಇಲ್ಲವೋ?’ ಎಂದು ಲಕ್ಕಣ್ಣ ಮೊದಲ ಮನೆಯಲ್ಲಿ ಕೇಳಿದ. ಮನೆಯ ಯಜಮಾನ, “ನಂಬಿಕೆ ಇಲ್ದೆ ಏನಪ್ಪಾ, ಬಾ ಕೂತ್ಕೋ, ಮಜ್ಜಿಗೆ ಕುಡಿ” ಎಂದ. ಇದನ್ನು ಪೂರ್ಣ ನಂಬಿಕೆ ಎಂದು ಬರೆಯುವುದೋ ಅಲ್ಪ ಎಂದು ಬರೆಯುವುದೋ ತಿಳಿಯದೆ ಲಕ್ಕಣ್ಣ ಮಜ್ಜಿಗೆ ಕುಡಿದ. ‘ನಿಮ್ಮಂಥ ಸಾಮಾನ್ಯರ ಮಾತಿಗೆ ಬೆಲೆಯಿದೆಯೇ?’ ಎಂಬ ಪ್ರಶ್ನೆಗೆ ಇನ್ನೊಬ್ಬ ಮುಖ ಗಂಟು ಹಾಕಿದ. “ಸಾಮಾನ್ಯರು ಅಂತ ಯಾರ್ನ ಅಂತಿದೀಯ? ನಮ್ ತಾತ ಈ ಊರಿನ ಪಟೇಲ್ರು.” ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಪ್ರೊಫೆಸರು ಒಂದು ಕಾಲಂ ಬಿಡಿಸಿದ್ದರು. ತಣಿಸಂದ್ರದ ಗಂಡಸರ ಪೈಕಿ ಒಬ್ಬರೂ ಅದನ್ನು ಬಳಸಿಕೊಳ್ಳಲಿಲ್ಲ.

ಇಷ್ಟರಲ್ಲಿ ಊರಿಗೆ ಒಂದು ವಿಷಯ ಹೊಳೆಯಿತು. ಓದಿದ ಹುಡುಗ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಚುನಾವಣೆಯ ಕಾಲದಲ್ಲಿ ಮನೆಮನೆಗೆ ಹೋಗಿ ‘ಓಟು ಯಾರಿಗೆ’ ಎಂದು ಕೇಳುತ್ತಾನೆ. ಅಂದರೆ ಅವನ ಮನೆಯಿಂದ ಯಾರೋ ನಿಲ್ಲುತ್ತಾರೆ. ಹುಡುಗನಿಗೆ ಕೆಲಸವಿದೆ, ಆದ್ದರಿಂದ ನಿಲ್ಲುವವನು ಅಪ್ಪ. “ಅಂಗೇನಿಲ್ಲ, ಇದು ಬರೀ ಸಂಶೋಧನೆ” ಎಂದು ಲಕ್ಕಣ್ಣ ಬಡಿದುಕೊಂಡ. “ಮೊದ್ಲು ಎಲ್ರೂ ಅಂಗೇ ಅನ್ನೋದು” ಎಂದು ಜನ ಮೆಚ್ಚುಗೆಯಿಂದ ತಲೆಯಾಡಿಸಿದರು.

ಮುನಿಶಾಮಪ್ಪ ಅಲ್ಲಿಯವರೆಗೆ ದ್ರಾಕ್ಷಿ ಚಪ್ಪರ ಬಿಟ್ಟು ಬೇರೇನನ್ನೂ ಯೋಚಿಸಿದವನಲ್ಲ. ಪಂಚಾಯ್ತಿಗೆ ತಮ್ಮ ಭಾಗದಿಂದ ಚಿಕ್ಕಮುನಿಯಪ್ಪ ನಿಲ್ಲುವುದು, ಎದುರು ಯಾರೂ ಇಲ್ಲದೆ ಗೆಲ್ಲುವುದು ಅವನಿಗೂ ಒಪ್ಪಿಗೆಯ ವಿಷಯವೇ ಆಗಿತ್ತು. ಚಿಕ್ಕಮುನಿಯಪ್ಪ ಅವನ ಬಾಲ್ಯದ ಗೆಳೆಯ. ಕೆರೆಯಲ್ಲಿ ಈಜು ಕಲಿಯುವಾಗ ಇಬ್ಬರೂ ಒಂದೇ ಸೋರೆಬುರುಡೆಗೆ ಜೋತುಬಿದ್ದವರು. ಆದರೆ ಎದುರಿಗೆ ಸಿಕ್ಕವರೆಲ್ಲ “ನಿಂತ್ಕಳಣ್ಣ, ನಮ್ಮ ಓಟು ನಿಮಗೇಯ” ಎನ್ನತೊಡಗಿದ ಮೇಲೆ ಅವನ ನಡಿಗೆಯೇ ಬದಲಾಯಿತು. ಒಂದು ಬೆಳಿಗ್ಗೆ ಚಪ್ಪರದ ಕೆಳಗೆ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಳ್ಳಿಗಳಿಗೆ ಕೈಮುಗಿಯುವುದನ್ನು ಸೊಣ್ಣಮ್ಮ ನೋಡಿದಳು. ಆ ವಾರವೇ ಅವನು ನಾಮಪತ್ರ ಹಾಕಿದ.

ಪ್ರೊಫೆಸರಿಗೆ ಖುಷಿಯೋ ಖುಷಿ. “ಸಮೀಕ್ಷೆಗೆ ಎರಡು ಪಕ್ಷ ಸಿಕ್ಕಿತು” ಎಂದರು. ಲಕ್ಕಣ್ಣ ಮತ್ತೆ ಗಂಡಸರ ಬಳಿ ಹೋದ, ರೆಹಾನಾ ಮತ್ತೆ ಹಿತ್ತಲುಗಳಿಗೆ ಹೋದಳು. ಅವರೆಕಾಯಿಯ ಕಾಲ. ಹಿತಕಿದ ಬೇಳೆಯ ಬುಟ್ಟಿಯ ಪಕ್ಕ ಕೂತು ಅವಳೂ ಸಿಪ್ಪೆ ತೆಗೆಯುತ್ತಾ ಕೇಳಿದಳು. ಸೊಣ್ಣಮ್ಮನ ಹಿತ್ತಲಿನಲ್ಲೇ ಮಧ್ಯಾಹ್ನವೆಲ್ಲ ಕೂತಿದ್ದಳು. ಅಲ್ಲಿಂದ ಇಬ್ಬರ ನಗು ಕೇಳಿಸುತ್ತಿತ್ತು.

ಶನಿವಾರ ಕಾಲೇಜಿನಲ್ಲಿ ಇಬ್ಬರೂ ಲೆಕ್ಕ ಮುಂದಿಟ್ಟುಕೊಂಡು ಕೂತರು. ಲಕ್ಕಣ್ಣನ ಲೆಕ್ಕದಲ್ಲಿ ಮುನಿಶಾಮಪ್ಪನಿಗೆ ಎದುರಾಳಿಯೇ ಇಲ್ಲ. ರೆಹಾನಾಳ ಲೆಕ್ಕದಲ್ಲಿ ಮುನಿಶಾಮಪ್ಪನನ್ನು ಹುಡುಕಬೇಕಿತ್ತು.

“ಹೆಂಗಸರು ಬೇರೆ ಥರ ಯೋಚಿಸ್ತಾರೆ ಅಂತ ಕಾಣುತ್ತೆ” ಎಂದ ಲಕ್ಕಣ್ಣ.

“ಬೇರೆ ಥರ ಅಲ್ಲ. ಅವರು ತಮ್ಮ ಓಟಷ್ಟೇ ಅಲ್ಲ, ಗಂಡಂದಿರದ್ದೂ ಹೇಳಿದರು. ‘ನಮ್ ಮನೇವ್ರು ಚಿಕ್ಕಮುನಿಯಪ್ಪನ ಕಡೆ, ಲಕ್ಕಣ್ಣನ ಮುಂದೆ ಹೆಂಗ್ ಹೇಳ್ತಾರೆ’ ಅಂತ.”

“ನಿಮಗೆ ಸುಳ್ಳು ಹೇಳಿರಬಹುದು.”

“ನನಗ್ಯಾಕೆ ಹೇಳ್ತಾರೆ? ನಾನು ಯಶವಂತಪುರದವಳು. ನಾಳೆ ಬಾವಿಕಟ್ಟೆ ಹತ್ತಿರ ಸಿಗೋದಿಲ್ಲ. ನೀವು ಸಿಗ್ತೀರಿ. ಅಪ್ಪನಿಗೆ ಓಟು ಹಾಕ್ತೀರಾ ಅಂತ ಮಗನೇ ಬಂದು ಕೇಳಿದರೆ ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಲಕ್ಕಣ್ಣ?”

ಅವನು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವಿದ. ಆಮೇಲೆ ದನಿ ತಗ್ಗಿಸಿ, “ನಮ್ಮಮ್ಮ ಏನಂದ್ರು?” ಎಂದ.

“ಅದನ್ನ ಹೇಳೋ ಹಾಗಿಲ್ಲ. ಯಾರು ಏನು ಹೇಳಿದ್ರು ಅಂತ ಹೊರಗೆ ಬಿಡಬಾರದು, ಪ್ರೊಫೆಸರು ಮೊದಲನೇ ದಿನವೇ ಹೇಳಿದಾರೆ” ಎಂದು ಅವಳು ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ.

ಅಪ್ಪನಿಗೆ ಹೇಳಿಬಿಡಬೇಕೆಂದು ಸೈಕಲ್ಲು ತುಳಿದುಕೊಂಡು ಊರಿಗೆ ಬಂದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಮನೆಗೆ ಬಂದರೆ ಮುನಿಶಾಮಪ್ಪ ತನ್ನ ಮದುವೆಯ ಕೋಟು ತೊಟ್ಟು ಗುಂಡಿ ಹಾಕಲು ಉಸಿರು ಎಳೆದುಕೊಳ್ಳುತ್ತಿದ್ದ. “ನಿನ್ನ ಶಾಸ್ತ್ರ ಏನಂತೈತಪ್ಪ?” ಎಂದು ಆ ಉಸಿರು ಬಿಡದೆಯೇ ಕೇಳಿದ. ಜೋಡಿಸಿಕೊಂಡ ಮಾತನ್ನೆಲ್ಲ ಲಕ್ಕಣ್ಣ ಬದಿಗಿಟ್ಟ. “ಜನ ನಿಮ್ಮ ಮೇಲೆ ಬಹಳ ವಿಶ್ವಾಸ ಇಟ್ಟವ್ರೆ” ಎಂದ. ಸುಳ್ಳೇನಲ್ಲ. ಆದರೂ ಊರಿನವರು ತನಗೆ ಮಾಡಿದ್ದನ್ನೇ ತಾನು ಅಪ್ಪನಿಗೆ ಮಾಡಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚುನಾವಣೆ ನಡೆಯಿತು. ರೆಹಾನಾಳ ಲೆಕ್ಕ ಬಹುತೇಕ ಹಾಗೆಯೇ ಪೆಟ್ಟಿಗೆಯಿಂದ ಹೊರಗೆ ಬಂತು. ಮುನಿಶಾಮಪ್ಪನಿಗೆ ಬಿದ್ದ ಓಟು ಅವನ ದಾಯಾದಿಗಳ ಸಂಖ್ಯೆಗಿಂತಲೂ ಕಡಿಮೆಯಿತ್ತು. ಚಿಕ್ಕಮುನಿಯಪ್ಪನಿಗೆ ಹಾರ ಹಾಕಿದರು. ತಮಟೆಯವರು ಮುನಿಶಾಮಪ್ಪನ ಬೀದಿ ಬಂದಾಗ ಮರ್ಯಾದೆಗೆ ಬಾರಿಸುವುದನ್ನು ನಿಲ್ಲಿಸಿ, ಬೀದಿ ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಆ ಮೌನವೇ ಅವನಿಗೆ ಹೆಚ್ಚು ತಟ್ಟಿತು.

ಅವನು ದ್ರಾಕ್ಷಿ ಚಪ್ಪರದ ಕೆಳಗೆ ಚಾಪೆ ಹಾಸಿಕೊಂಡ. ಊಟಕ್ಕೂ ಸೊಣ್ಣಮ್ಮ ಅಲ್ಲಿಗೇ ತರಬೇಕಾಯಿತು. ಲಕ್ಕಣ್ಣ ಹತ್ತಿರ ಹೋಗಿ ಕೂತರೆ ಅಪ್ಪ ಎಲೆಗಳನ್ನು ನೋಡುತ್ತಿದ್ದ. ತನ್ನ ಶಾಸ್ತ್ರ ಒಬ್ಬ ನೆಮ್ಮದಿಯ ಮನುಷ್ಯನನ್ನು ಹೀಗೆ ಮಲಗಿಸಿತಲ್ಲ ಎಂದು ಲಕ್ಕಣ್ಣನಿಗೆ ಕೆಲಸವೇ ಬೇಡವೆನಿಸಿತು. ರಾಜೀನಾಮೆ ಕೊಡುತ್ತೇನೆ ಎಂದಾಗ ರೆಹಾನಾ, “ಕೊಡಿ. ಆದರೆ ನಿಮ್ಮ ಲೆಕ್ಕ ಯಾಕೆ ತಪ್ಪಾಯ್ತು ಅಂತ ಬರೆದು ಕೊಡಿ” ಎಂದಳು.

ಒಂದು ದಿನ ಮುನಿಶಾಮಪ್ಪ ಎದ್ದ. ಅದೇ ಕೋಟು ತೊಟ್ಟ. ಮಗ ಹೋದ ಹಾಗೆಯೇ ಮನೆಮನೆಗೆ ಹೋದ. ಪ್ರತಿ ಮನೆಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದ: “ನಿಜ ಹೇಳ್ಬುಡಿ, ನನಗೆ ಓಟ್ ಹಾಕಿದ್ರಾ?”

ಹೊತ್ತು ಮುಳುಗುವ ಮುಂಚೆ ಅವನು ವಾಪಸ್ಸು ಬಂದಾಗ ಕೋಟಿನ ಗುಂಡಿಗಳು ಬಿಚ್ಚಿದ್ದವು, ಮುಖ ಅರಳಿತ್ತು. ಎಲೆಯಡಿಕೆ ಕೊಟ್ಟು ಕಳಿಸಿದ್ದರು ಎಂಬುದು ಕೆಂಪು ತುಟಿಯಿಂದಲೇ ಗೊತ್ತಾಗುತ್ತಿತ್ತು. “ಎಲ್ರೂ ನನಗೇ ಹಾಕವ್ರೆ ಕಣ್ಲಾ” ಎಂದ. “ಒಬ್ಬರೂ ಇಲ್ಲ ಅನ್ಲಿಲ್ಲ. ಮೂಲೆ ಮನೆ ಮುನಿವೆಂಕಟಮ್ಮ ಅಂತೂ ದೇವ್ರ ಮೇಲೆ ಆಣೆ ಮಾಡಿದ್ಲು. ಎಣಿಸೋ ತಾವ ಏನೋ ಎಡವಟ್ಟಾಗೈತೆ, ಬಿಡು.” ಆಮೇಲೆ ಚಪ್ಪರದ ಚಾಪೆ ಸುತ್ತಿ ಒಳಗೆ ತಂದು, ಹಸಿವಾಗಿದೆ ಎಂದು ಅಡುಗೆಮನೆಗೆ ಹೋದ.

ಗೆದ್ದವನ ಕಿವಿಗೆ ಈ ಸುದ್ದಿ ಬೀಳಲು ತಡವಾಗಲಿಲ್ಲ. ಮಾರನೆಯ ದಿನ ಚಿಕ್ಕಮುನಿಯಪ್ಪ ಹಾಜರಾದ. ಅವನ ಮುಖ ಸೋತವನದಕ್ಕಿಂತ ಸಣ್ಣದಾಗಿತ್ತು.

“ಏನೋ ಮುನಿಶಾಮಿ, ಎಲ್ರೂ ನಿನಗೇ ಹಾಕವ್ರಂತೆ?”

“ಅಂಗಂತ ಅವ್ರೇ ಹೇಳಿದ್ರು.”

“ನನ್ನತ್ರ ‘ನಿನಗೇ ಹಾಕ್ದೋ’ ಅಂದ್ರಲ್ಲೋ. ಮುನಿವೆಂಕಟಮ್ಮ ಆಣೆ ಮಾಡಿದ್ಲು.”

“ನನ್ನತ್ರಾನೂ ಮಾಡಿದ್ಲು.”

ಇಬ್ಬರೂ ಮೂಲೆಯಲ್ಲಿದ್ದ ಲಕ್ಕಣ್ಣನನ್ನು ಕರೆದು ನ್ಯಾಯ ಕೇಳಿದರು. ನೀನು ಓದಿದವನು, ನೀನೇ ಹೇಳು, ಊರು ಯಾರ ಕಡೆ?

ಲಕ್ಕಣ್ಣ ಇಬ್ಬರ ಮುಖವನ್ನೂ ನೋಡಿದ. ಅಪ್ಪನನ್ನು ಮತ್ತೆ ಚಾಪೆಯ ಮೇಲೆ ಮಲಗಿಸುವ ಮನಸ್ಸಿರಲಿಲ್ಲ, ಆದರೆ ಇನ್ನೊಂದು ಸಲ ಜಾರಿಕೊಳ್ಳುವ ಮನಸ್ಸೂ ಇರಲಿಲ್ಲ. “ಪೆಟ್ಟಿಗೆ ಒಳಗೆ ಚಿಕ್ಕಮುನಿಯಪ್ಪನೋರ ಕಡೆ” ಎಂದ. “ಮುಖದ ಮುಂದೆ, ಯಾರು ಎದುರಿಗೆ ನಿಂತವ್ರೋ ಅವರ ಕಡೆ. ನಾನು ಕೇಳಿದಾಗ್ಲೂ ಅಂಗೇ ಆಯ್ತು. ಅದು ನನಗೆ ಚುನಾವಣೆಗೆ ಮುಂಚೇನೇ ಗೊತ್ತಿತ್ತಪ್ಪ. ಹೇಳೋಕಾಗ್ಲಿಲ್ಲ.”

ಮುನಿಶಾಮಪ್ಪ ಅಡಿಕೆ ಜಗಿಯುತ್ತಾ ಯೋಚಿಸಿದ. “ನನ್ನ ಮನಸ್ಸು ನೋಯಿಸಬಾರ್ದು ಅಂತ ಇಷ್ಟು ಜನ ಸುಳ್ಳು ಹೇಳವ್ರೆ ಅನ್ನು” ಎಂದ. ಹಾಗೆಂದು ಅವನಿಗೆ ಬೇಸರವೇನೂ ಆದಂತಿರಲಿಲ್ಲ. ಚಿಕ್ಕಮುನಿಯಪ್ಪನಿಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಓಟು ಹಾಕುವುದು ಒಂದು ನಿಮಿಷದ ಕೆಲಸ, ಆಣೆ ಮಾಡುವುದಕ್ಕೆ ನಿಜವಾಗಿಯೂ ಪ್ರೀತಿ ಬೇಕು ಎಂದು ಅವನು ದಾರಿಯುದ್ದಕ್ಕೂ ಗೊಣಗಿಕೊಂಡು ಹೋದನಂತೆ.

ಲಕ್ಕಣ್ಣ ರಾಜೀನಾಮೆ ಕೊಡಲಿಲ್ಲ. ಲೆಕ್ಕ ಯಾಕೆ ತಪ್ಪಾಯಿತು ಎಂದು ಬರೆಯಲು ಕೂತವನು ವರ್ಷಗಟ್ಟಲೆ ಬರೆದ. ಅದು ಡಾಕ್ಟರೇಟ್ ಆಯಿತು. ಕೇಳುವವನು ಯಾರು, ಅವನ ಎದುರಿಗೆ ಜನ ಯಾವ ಅಭಿಪ್ರಾಯವನ್ನು ಹೊರಗೆ ತರುತ್ತಾರೆ, ಯಾವುದನ್ನು ಒಳಗಿಟ್ಟುಕೊಳ್ಳುತ್ತಾರೆ ಎಂಬುದೇ ಅವನ ವಿಷಯ. ಜಾಲಹಳ್ಳಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೂ ಯಲಹಂಕದ ಸಂತೆಯಲ್ಲೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆಯವರಿಂದ ಕೇಳಿಸಿ, ಉತ್ತರ ಹೇಗೆ ಬಣ್ಣ ಬದಲಾಯಿಸುತ್ತದೆ ಎಂದು ತೋರಿಸಿದ. ಮೊದಲ ಪ್ರಬಂಧದಲ್ಲಿ ರೆಹಾನಾಳ ಹೆಸರು ಮುಂದೆ ಬರಬೇಕೆಂದು ಪಟ್ಟು ಹಿಡಿದ. ಪ್ರೊಫೆಸರು ಇಬ್ಬರಿಗೂ ಮುಂದೆ ತಮ್ಮ ಹೆಸರು ಹಾಕಿಕೊಂಡು ಜಗಳ ಬಗೆಹರಿಸಿದರು. ರೆಹಾನಾ ಆಮೇಲೆ ಹೈದರಾಬಾದಿನಲ್ಲಿ ಅಧ್ಯಾಪಕಿಯಾದಳು. ಬೆಂಗಳೂರಿಗೆ ಬಂದಾಗಲೆಲ್ಲ ಸೊಣ್ಣಮ್ಮನ ಹಿತ್ತಲಿಗೆ ಹೋಗದೆ ಹಿಂತಿರುಗುತ್ತಿರಲಿಲ್ಲ.

ಅರವತ್ತಾರರಲ್ಲಿ ಇಂಗ್ಲೆಂಡಿನಿಂದ ಒಬ್ಬ ವಿದ್ವಾಂಸರು ಬಂದರು. ಲಕ್ಕಣ್ಣ ಈಗ ಪ್ರೊಫೆಸರಿಗಿಂತ ಒಂದೇ ಮೆಟ್ಟಿಲು ಕೆಳಗಿನ ರೀಡರು. ಪ್ರಬಂಧ ಓದಿದ್ದ ದೊರೆಗಳು ಆ ಹಳ್ಳಿಯನ್ನೇ ನೋಡಬೇಕೆಂದರು. ಕಾರು ತಣಿಸಂದ್ರಕ್ಕೆ ಬಂದಾಗ ಊರಿನ ಹಿರಿಯರೆಲ್ಲ ಚಪ್ಪರದ ನೆರಳಿಗೆ ಸೇರಿದರು. ಚಿಕ್ಕಮುನಿಯಪ್ಪನನ್ನು ಮುಂದೆ ತಂದು, “ಇವ್ರು ನಮ್ಮ ಪಂಚಾಯ್ತಿ ಮೆಂಬ್ರು” ಎಂದರು. ಲಕ್ಕಣ್ಣ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಅಷ್ಟೇ ಗೌರವದಿಂದ ಮುನಿಶಾಮಪ್ಪನನ್ನೂ ಮುಂದೆ ತಂದು, “ಇವ್ರೂ ಮೆಂಬ್ರು” ಎಂದರು. ಚಿಕ್ಕಮುನಿಯಪ್ಪ ಹೌದೆಂದು ತಲೆಯಾಡಿಸಿ, ಗೆಳೆಯನಿಗೆ ಮಂಚದ ಮೇಲೆ ಜಾಗ ಬಿಟ್ಟು ಸರಿದು ಕೂತ.

“ಇವರು ಯಾವ ವರ್ಷ ಗೆದ್ದರು?” ಎಂದು ವಿದ್ವಾಂಸರು ಮುನಿಶಾಮಪ್ಪನನ್ನು ತೋರಿಸಿ ಕೇಳಿದರು.

ಸುತ್ತ ಕೂತವರೆಲ್ಲ ಲಕ್ಕಣ್ಣನ ಮುಖ ನೋಡಿದರು. ಅವನು ದ್ರಾಕ್ಷಿಯ ತಟ್ಟೆಯನ್ನು ಅತಿಥಿಗಳ ಕಡೆ ಸರಿಸಿದ. ಈ ತಳಿ ನಮ್ಮ ಕಡೆಯದೇ, ಮೊದಲು ರುಚಿ ನೋಡಿ ಎಂದ.