ಖಾಲಿಯಲ್ಲಿ ಸಮ

ಎರಡು ಎಂದು ಬರೆದಿತ್ತು.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದ. ಕುಟುಂಬದ ಸದಸ್ಯರ ಸಂಖ್ಯೆ: ಎರಡು. ನೀಲಿ ಶಾಯಿ, ದುಂಡಗಿನ ಅಂಕಿ, ತಿದ್ದಿದ ಗುರುತಿಲ್ಲ.

"ಇಲ್ಲಿ ತಪ್ಪಾಗಿದೆ," ಎಂದ. "ನಾವು ಮೂವರು."

ಮೇಜಿನಾಚೆ ಕೂತಿದ್ದ ಷೋರೂಮಿನ ಹೆಂಗಸು ಫಾರಂ ತನ್ನ ಕಡೆ ತಿರುಗಿಸಿಕೊಂಡಳು. "ಇಲ್ಲ ಸರ್. ನಿನ್ನೆ ನೀವು ಫೋನ್ ಎತ್ತಲಿಲ್ಲ, ಅದಕ್ಕೆ ಮೇಡಂಗೇ ಮಾಡಿದ್ದೆ. ಮನೇಲಿ ಎಷ್ಟು ಜನ ಅಂದಿದ್ದಕ್ಕೆ ಇಬ್ರು ಅಂದ್ರು."

"ಮಗಳನ್ನ ಬಿಟ್ಟು ಹೇಳಿರ್ಬೇಕು."

"ಮಕ್ಕಳೂ ಸೇರಿನಾ ಅಂತ ಕೇಳ್ದೆ ಸರ್. ಸೇರಿ ಅಂದ್ರು." ಪೆನ್ನಿನ ಮುಚ್ಚಳ ತೆಗೆದಳು. "ಮೂರು ಅಂತ ಮಾಡ್ಲಾ?"

"ಇರ್ಲಿ ಬಿಡಿ."

ಹಾಗೇಕೆ ಅಂದನೋ ಅವನಿಗೇ ತಿಳಿಯಲಿಲ್ಲ. ಅಳತೆ-ತೂಕದ ಇಲಾಖೆಯಲ್ಲಿ ಹದಿನೆಂಟು ವರ್ಷದಿಂದ ಪರೀಕ್ಷಕ. ಸ್ವತಃ ತೂಗಿ ನೋಡದೆ ಯಾವ ಅಂಕಿಯನ್ನೂ ತಿದ್ದಬಾರದೆಂಬುದು ಕೈಗೆ ಹತ್ತಿದ ಅಭ್ಯಾಸ.

ಗಾಜಿನ ಗೋಡೆಯ ಪಕ್ಕದಲ್ಲಿ ಅವನು ಕೊಳ್ಳಲೆಂದು ನೋಡುತ್ತಿದ್ದ ಎರಡು ಗಾಡಿಗಳೂ ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಚಿಕ್ಕ ಎಸ್‌ಯುವಿ ಗಿಡ್ಡಗೆ, ಎದೆಯುಬ್ಬಿಸಿಕೊಂಡಿತ್ತು. ವ್ಯಾಗನ್ ಉದ್ದಕ್ಕೆ, ತಗ್ಗಾಗಿ, ನಾಲ್ಕೂ ಗಾಲಿಗಳಿಗೆ ಎಳೆತವಿದ್ದರೂ ಅದನ್ನು ಹೇಳಿಕೊಳ್ಳದೆ ನಿಂತಿತ್ತು. ಚಿಕ್ಕದು ಎಲ್ಲಿ ಬೇಕಾದರೂ ತೂರುತ್ತದೆ. ಉದ್ದದ್ದು ಎಲ್ಲರನ್ನೂ ಹೊರುತ್ತದೆ. ನಾಲ್ಕು ತಿಂಗಳಿಂದ ಅವನು ಇವೆರಡನ್ನು ಹೋಲಿಸುತ್ತಿದ್ದ. ಒಂದರ ಗುಣ ಹಾಕುವಷ್ಟರಲ್ಲಿ ಇನ್ನೊಂದರದ್ದು ಹಾರಿಹೋಗುತ್ತಿತ್ತು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ.

"ಹೀಗೆ ಮಾಡಿ ಸರ್," ಎಂದಳು ಆಕೆ. ಅವನು ಬಂದದ್ದು ಇದು ಆರನೆಯ ಸಲ. "ನಿಮ್ಮ ಹಳೇ ಗಾಡಿ ಇಲ್ಲೇ ಬಿಡಿ, ನಮ್ಮವರು ನೋಡಿ ಬೆಲೆ ಕಟ್ತಾರೆ. ವ್ಯಾಗನ್ ಇವತ್ತಿಡೀ ನಿಮ್ಮ ಹತ್ರ ಇರ್ಲಿ. ಸಾಮಾನು ತುಂಬಿ, ಮನೆಯವರನ್ನ ಕೂರಿಸ್ಕೊಂಡು ಓಡಿಸಿ ನೋಡಿ. ಸಂಜೆ ಆರಕ್ಕೆ ತಂದು, ಇದು ಅನ್ನಿ, ಇಲ್ಲ ಅದು ಅನ್ನಿ. ಆಮೇಲೆ ನನ್ನ ಕೈಯಲ್ಲೂ ಇಲ್ಲ."

ಹಳೆಯ ಗಾಡಿಯ ಡಿಕ್ಕಿಯಿಂದ ತೂಕದ ಕಲ್ಲುಗಳನ್ನು ಅವನೇ ವ್ಯಾಗನ್ನಿಗೆ ಸಾಗಿಸಿದ. ಕಬ್ಬಿಣದ್ದಾದರೂ ಎಲ್ಲರೂ ಕಲ್ಲು ಅಂತಲೇ ಅನ್ನುವುದು. ಇಪ್ಪತ್ತು ಕಿಲೋದವು ಐದು, ಜೊತೆಗೆ ಸಣ್ಣವುಗಳ ಮರದ ಪೆಟ್ಟಿಗೆ. ವ್ಯಾಗನ್ ಅವನ್ನು ನುಂಗಿ ಒಂದಿಷ್ಟೂ ಕುಸಿಯಲಿಲ್ಲ.

ಹೋಲಿಕೆಯ ಪಟ್ಟಿ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಎಡಗಡೆ ಚಿಕ್ಕದು, ಬಲಗಡೆ ಉದ್ದದ್ದು, ಇಪ್ಪತ್ತಾರು ಸಾಲು. ಎಷ್ಟು ತೂಕ ಹೊತ್ತರೆ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕಕ್ಕಾಗಿ ಒಂದು ಭಾನುವಾರ ಹೆಂಡತಿಯನ್ನೂ ಮಗಳನ್ನೂ ಇಲಾಖೆಯ ಯಂತ್ರದ ಮೇಲೆ ನಿಲ್ಲಿಸಿದ್ದ. ಮಗಳಿಗೆ ಹನ್ನೊಂದು ವರ್ಷ. ಮೈ ಹಿಡಿಯದ್ದಕ್ಕೆ ಮನೆಯಲ್ಲಿ 'ಕಡ್ಡಿ' ಅಂತಲೇ ಕರೆಯುವುದು. ಅವಳು ಯಂತ್ರದ ಮೇಲೆ ಒಂಟಿಕಾಲಲ್ಲಿ ಕುಣಿದು ಮೂರು ಸಲ ಅಂಕಿ ಕೆಡಿಸಿದ್ದಳು. ಅವನು ಬರೆದ: ಹೆಂಡತಿ ಅರವತ್ತೊಂದು, ಮಗಳು ಇಪ್ಪತ್ತೇಳು. ಮೇಲೆ ಶೀರ್ಷಿಕೆ ಬೇಕಿತ್ತು. ಇಲಾಖೆಯಲ್ಲಿ ತಟ್ಟೆಯ ಮೇಲೆ ಏನಿಟ್ಟರೂ ಅದಕ್ಕೆ ಒಂದೇ ಹೆಸರು. ಅದನ್ನೇ ಬರೆದ.

ಹೊರೆ.

ಮಾರನೆಯ ಬೆಳಿಗ್ಗೆ ಹೆಂಡತಿ ಹಾಲು ತೆಗೆಯಲು ಹೋದವಳು ಫ್ರಿಜ್ಜಿನ ಬಾಗಿಲ ಮುಂದೆ ನಿಂತೇ ಇದ್ದಳು. ಹಾಲು ತೆಗೆಯಲಿಲ್ಲ.

"ಚಿಕ್ಕ ಗಾಡೀನೇ ಸಾಕು ಬಿಡಿ," ಎಂದಿದ್ದಳು.

"ಯಾಕೆ?"

"ಹೊರೆ ಕಮ್ಮಿ ಆದ್ರೆ ಸಾಕಾಗುತ್ತಲ್ಲ."

ಅವನು ಅದನ್ನು ತಾಂತ್ರಿಕ ಅಭಿಪ್ರಾಯವೆಂದು ತಿಳಿದು ಹದಿನಾಲ್ಕನೆಯ ಸಾಲಿನಲ್ಲಿ ನಮೂದಿಸಿದ್ದ. ಅದಾದ ವಾರಕ್ಕೆ ಅವಳು, ಮೇಲಿನ ಬೆಟ್ಟದೂರಿನ ಆಸ್ಪತ್ರೆಯವರು ಕೆಲಸಕ್ಕೆ ಕರೆಯುತ್ತಿದ್ದಾರೆ, ಬರುವ ತಿಂಗಳೇ ಸೇರಬೇಕು ಎಂದಳು. ಅವನು ಬಹಳ ಯೋಚಿಸಿ ಉತ್ತರ ಕೊಟ್ಟ: "ಅಲ್ಲಿನ ರಸ್ತೆ ತೀರಾ ಕಡಿದು. ಹಾಗಾದ್ರೆ ನಾಲ್ಕೂ ಗಾಲಿ ಎಳೆಯೋ ವ್ಯಾಗನ್ನೇ ಬೇಕಾಗುತ್ತೆ."

ಅವಳು ಅವನನ್ನು ನೋಡಿದ ರೀತಿ ಈಗ, ವ್ಯಾಗನ್ನಿನ ಹೊಸ ಚರ್ಮದ ವಾಸನೆಯ ನಡುವೆ, ಅವನಿಗೆ ನೆನಪಾಯಿತು. ಏರು ಬಂತು. ಗಾಡಿ ಸದ್ದಿಲ್ಲದೆ ಹತ್ತಿತು. ಇಬ್ಬರು. ಯಾವ ಇಬ್ಬರು? ತಾನು, ಅವಳು. ಅವಳು, ಮಗಳು. ಮೂರನೆಯ ಜೋಡಿಯೂ ಒಂದಿತ್ತು, ಅದನ್ನು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಕಡ್ಡಿಯ ಜಡೆ ಹೆಣೆಯಲು ಅವನಿಗೆ ಬರುತ್ತಿರಲಿಲ್ಲ.

ಹನ್ನೊಂದೂವರೆಗೆ ಗುಜರಿ ಅಂಗಡಿಯ ತಕ್ಕಡಿ ಪರೀಕ್ಷೆ ಇತ್ತು. ಗುಜರಿಯವನು ಹೊರಗೇ ನಿಂತಿದ್ದ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಿಂತಿತ್ತು.

"ಏನ್ ಸಾಹೇಬ್ರೆ, ಹೊಸ ಗಾಡಿ!"

"ಇನ್ನೂ ನಂದಲ್ಲ. ಇದೋ, ಚಿಕ್ಕ ಎಸ್‌ಯುವಿನೋ ಅಂತ ನೋಡ್ತಿದೀನಿ."

"ಯಾವುದಾದ್ರೂ ತಗೊಳ್ಳಿ. ಕೊನೆಗೆ ಎರಡೂ ನನ್ನ ಹತ್ರಾನೇ ಬರೋದು, ಕಿಲೋ ಲೆಕ್ಕದಲ್ಲಿ." ತನ್ನ ಮಾತಿಗೆ ತಾನೇ ನಕ್ಕು, ವ್ಯಾಗನ್ನಿನ ಬೆನ್ನಿಗೆ ತಟ್ಟಿದ. "ಇದು ಸ್ವಲ್ಪ ಜಾಸ್ತಿ ತೂಗುತ್ತೆ, ಅಷ್ಟೇ."

ಹಿಂದೆ ಒತ್ತಿ ಚಪ್ಪಟೆ ಮಾಡಿದ ಗಾಡಿಗಳ ರಾಶಿ ಇತ್ತು. ಯಾವುದು ಚಿಕ್ಕದಿತ್ತು, ಯಾವುದು ಉದ್ದದ್ದಿತ್ತು ಎಂದು ಹೇಳುವಂತಿರಲಿಲ್ಲ.

ತೊಲೆಯಿಂದ ಇಳಿಬಿದ್ದ ದೊಡ್ಡ ತಕ್ಕಡಿಯ ತಟ್ಟೆಗಳನ್ನು ಅವನು ಬಟ್ಟೆಯಿಂದ ಒರೆಸಿದ. ಮೊದಲು ಖಾಲಿ ಪರೀಕ್ಷೆ. ಏನೂ ಇಡದೆ ಕೈಬಿಟ್ಟ. ಮುಳ್ಳು ಆಚೆ ಈಚೆ ತೂಗಿ ನಡುವೆ ನಿಂತಿತು. ಅವನು ಪುಸ್ತಕದಲ್ಲಿ 'ಖಾಲಿಯಲ್ಲಿ ಸಮ' ಎಂದು ಬರೆದ. ದಿನಕ್ಕೆ ಹತ್ತು ಸಲ ಬರೆಯುವ ಮಾತು. ಇವತ್ತು ಬರೆದ ಮೇಲೆ ಪೆನ್ನು ಎತ್ತಲಾಗಲಿಲ್ಲ. ತನ್ನ ಮನೆಯಲ್ಲಿ ಕೂಗಾಟವಿಲ್ಲ, ತಟ್ಟೆ ಲೋಟ ಹಾರುವುದಿಲ್ಲ, ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಇವರನ್ನೇ ಮಾದರಿಯಾಗಿ ತೋರಿಸುತ್ತಾರೆ. ಮುಳ್ಳು ಯಾವಾಗಲೂ ನಡುವೆ.

"ಆಯ್ತಾ ಸಾಹೇಬ್ರೆ? ಮುದ್ರೆ ಒತ್ತಿಬಿಡಿ ಮತ್ತೆ."

"ಇನ್ನೂ ಕಲ್ಲು ಇಟ್ಟಿಲ್ಲ."

"ಸಮ ನಿಂತಿದೆಯಲ್ಲ!"

"ಖಾಲಿ ಇದ್ದಾಗ ಎಲ್ಲಾ ಸಮಾನೇ ಇರುತ್ತೆ ಕಣ್ರಿ." ಧ್ವನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಗುಜರಿಯವನು ಬೆಚ್ಚಿ, ಇವನ ಮುಖ ನೋಡಿ, ಕುಡಿಯಲು ನೀರು ತರಿಸಿದ.

ಕಲ್ಲು ಇಟ್ಟಾಗ ತಕ್ಕಡಿ ಅರ್ಧ ಕಿಲೋ ತಪ್ಪಿತು. ಅವನು ಮುದ್ರೆ ಒತ್ತಲಿಲ್ಲ.

ನಾಲ್ಕು ಗಂಟೆಗೆ ಹೆಂಡತಿಯ ಕ್ಲಿನಿಕ್ಕಿನ ಮುಂದೆ ವ್ಯಾಗನ್ ನಿಲ್ಲಿಸಿದ. ಅವಳು ಕಿವಿ ಪರೀಕ್ಷಿಸುವವಳು. ರೋಗಿಯನ್ನು ಸದ್ದು ನುಸುಳದ ಗಾಜಿನ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಶಬ್ದ ಕೇಳಿಸಿದಾಗ ಒತ್ತಿ ಎನ್ನುತ್ತಾಳೆ. ಕೆಲವರು ಶಬ್ದ ಇಲ್ಲದಿದ್ದರೂ ಒತ್ತುತ್ತಾರಂತೆ, ಕಿವುಡೆಂದು ಗೊತ್ತಾದೀತೆಂಬ ಹೆದರಿಕೆಗೆ. ಅಂಥವರನ್ನು ಎರಡು ನಿಮಿಷದಲ್ಲಿ ಹಿಡಿಯುತ್ತೇನೆ ಎಂದು ಮದುವೆಯ ಹೊಸತರಲ್ಲಿ ಹೇಳಿದ್ದಳು. ಆಗ ಇಬ್ಬರೂ ನಕ್ಕಿದ್ದರು.

ಶಾಲೆಯಿಂದ ಬಂದಿದ್ದ ಕಡ್ಡಿ ಮೆಟ್ಟಿಲಿಳಿದು ಓಡಿಬಂದಳು. "ಅಪ್ಪಾ, ಎಷ್ಟು ಉದ್ದ ಇದೆ! ಡಿಕ್ಕೀಲಿ ಮಲಗ್ಬಹುದು." ಹಿಂದಿನ ಬಾಗಿಲೆತ್ತಿ ಇಣುಕಿದಳು. "ಥೂ, ನಿನ್ನ ಕಲ್ಲುಗಳು ಆಗ್ಲೇ ಬಂದು ಕೂತ್ಬಿಟ್ಟಿವೆ."

ಹೆಂಡತಿ ಬಿಳಿ ಕೋಟಿನಲ್ಲೇ ಬಾಗಿಲವರೆಗೆ ಬಂದಳು. ಮೆಟ್ಟಿಲು ಇಳಿಯಲಿಲ್ಲ.

"ಒಂದು ಸುತ್ತು ಹೋಗಿಬರೋಣ," ಎಂದ. "ಆರಕ್ಕೆ ವಾಪಸ್ ಕೊಡ್ಬೇಕು. ನೀವಿಬ್ರೂ ಕೂತ್ರೆ ತಾನೇ ಗೊತ್ತಾಗೋದು."

"ಒಳಗೆ ಪೇಷಂಟ್ ಇದಾರೆ."

"ಹತ್ತೇ ನಿಮಿಷ."

"ಆಗಲ್ಲ ರೀ."

"ಷೋರೂಮಿನವರು ಫೋನ್ ಮಾಡಿದ್ರಂತೆ ನಿಂಗೆ."

"ಹೂಂ. ಮಾಡಿದ್ರು."

ಈಗ ಕೇಳಬೇಕು. ನಾಲಿಗೆಯ ತುದಿಯಲ್ಲಿತ್ತು: ಯಾವ ಇಬ್ಬರು? ಎರಡೇ ಪದ. ಅವಳೂ ಕಾದಂತಿತ್ತು, ಬಾಗಿಲ ಹಿಡಿಯ ಮೇಲಿದ್ದ ಅವಳ ಬೆರಳು ಬೆಳ್ಳಗಾಗಿದ್ದವು.

"ಬಣ್ಣ ಯಾವುದು ಅಂತ ಹೇಳಿದೆ?" ಎಂದ.

ಅವಳ ಬೆರಳು ಸಡಿಲವಾದವು. "ನಿಮ್ಮಿಷ್ಟ ಅಂದೆ."

"ಬಿಳಿ ಸಾಕು ಅಮ್ಮ," ಎಂದಳು ಕಡ್ಡಿ, ಡಿಕ್ಕಿಯ ಅಂಚಿನಲ್ಲಿ ಕೂತು ಕಾಲಾಡಿಸುತ್ತ. "ಬೆಟ್ಟದ ಮೇಲಿನ ಹೊಸ ಸ್ಕೂಲಿನ ಯೂನಿಫಾರಂ ಕೂಡ ಬಿಳೀನೇ. ಅಪ್ಪಾ, ಅಲ್ಲಿ ಈಜುಕೊಳ ಇದೆ ಗೊತ್ತಾ? ನೀನು ಬಂದಾಗ ತೋರಿಸ್ತೀನಿ."

ನೀನು ಬಂದಾಗ.

"ಒಳಗೆ ನಡಿ," ಎಂದಳು ತಾಯಿ. ಕಡ್ಡಿ ಇಬ್ಬರ ಮುಖವನ್ನೂ ನೋಡಿ, ತಾನೇನೋ ಒಡೆದುಹಾಕಿದವಳಂತೆ ಜಿಗಿದಿಳಿದು ಒಳಗೆ ಹೋದಳು.

"ಒಂದು ತಿಂಗಳಿಂದ ಹೇಳ್ತಾನೇ ಇದೀನಿ," ಎಂದಳು ಹೆಂಡತಿ. ಕೋಪವಿರಲಿಲ್ಲ, ರೋಗಿಗಳ ಜೊತೆ ಆಡುವ ಹಾಗೆ ನಿಧಾನವಾಗಿ, ತುಟಿ ಕಾಣುವಂತೆ ಮಾತಾಡಿದಳು. "ನಿಮಗೆ ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು, ತಕ್ಷಣ.

ಅವನನ್ನು ಹಿಡಿಯಲು ಅವಳು ಎರಡು ನಿಮಿಷ ಕೂಡ ತೆಗೆದುಕೊಳ್ಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಸದ್ದು ನುಸುಳದ ಬಾಗಿಲು.

ಗುರಿಯಿಲ್ಲದೆ ಸುತ್ತಾಡುವಷ್ಟರಲ್ಲಿ ಐದೂ ಮುಕ್ಕಾಲಾಗಿತ್ತು. ಷೋರೂಮಿನ ರಸ್ತೆ ಇನ್ನೇನು ಬಂತೆನ್ನುವಾಗ ಅವನು ಗಾಡಿಯನ್ನು ಪಕ್ಕಕ್ಕೆ ತೆಗೆದ. ಪಟ್ಟಿಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು, ಇಪ್ಪತ್ತಾರನೆಯದು: ಕುಟುಂಬ ಸಮೇತ ಓಟ. ಅದನ್ನು ತುಂಬದೆ ತೀರ್ಮಾನ ಹೇಳುವುದು ಹೇಗೆ? ಪುರಾವೆ ಬೇಕು.

ಡಿಕ್ಕಿ ತೆಗೆದ. ಇಪ್ಪತ್ತು ಕಿಲೋದ ಕಲ್ಲೊಂದನ್ನು ಎದೆಗವಚಿಕೊಂಡು ಮುಂದಿನ ಸೀಟಿಗೆ ಒಯ್ದ. ಇನ್ನೊಂದು. ಮತ್ತೊಂದು. ಪೆಟ್ಟಿಗೆಯಿಂದ ಒಂದು ಕಿಲೋದ್ದು ಹುಡುಕಿ ಮೇಲಿಟ್ಟ. ಅರವತ್ತೊಂದು. ಹಿಂದಿನ ಸೀಟಿನಲ್ಲಿ ಇಪ್ಪತ್ತು, ಐದು, ಎರಡು. ಚಿಕ್ಕ ಕಲ್ಲು ಜಾರುತ್ತಿತ್ತು. ತನ್ನ ಕರವಸ್ತ್ರ ಮಡಿಸಿ ಅದರಡಿಗೆ ಹಾಕಿದ. ದಾರಿಹೋಕನೊಬ್ಬ ನಿಂತು ನೋಡಿ ಮುಂದೆ ಹೋದ. ಅವನ ಅಂಗಿ ಬೆನ್ನಿಗಂಟಿತ್ತು, ಬೆರಳುಗಳಿಗೆ ತುಕ್ಕಿನ ವಾಸನೆ.

ಎಂಜಿನ್ ಚಾಲೂ ಮಾಡಿದೊಡನೆ ಗಾಡಿ ಕಿರುಚತೊಡಗಿತು. ಟಿಣ್, ಟಿಣ್, ಟಿಣ್. ಕೂತವರು ಬೆಲ್ಟ್ ಕಟ್ಟಿಲ್ಲ. ಎದುರಿನ ಫಲಕದಲ್ಲಿ ಮೂರು ಪುಟ್ಟ ಮನುಷ್ಯಾಕಾರಗಳು ಕೆಂಪಾಗಿ ಮಿನುಗುತ್ತಿದ್ದವು. ಗಾಡಿಗೆ ಸಂಶಯವೇ ಇರಲಿಲ್ಲ. ತೂಕವಿದ್ದಲ್ಲಿ ಮನುಷ್ಯರಿದ್ದಾರೆ.

ಅವನು ಬಾಗಿ ಪಕ್ಕದ ಬೆಲ್ಟನ್ನು ಕಲ್ಲುಗಳ ಮೇಲಿಂದ ಎಳೆದು ಸಿಕ್ಕಿಸಿದ. ಹಿಂದಕ್ಕೆ ಹೋಗಿ ಅಲ್ಲಿನದನ್ನೂ ಸಿಕ್ಕಿಸಿದ. ತಿರುಚಿಕೊಂಡಿದ್ದ ಪಟ್ಟಿಯನ್ನು ಬಿಡಿಸಿ ಸರಿಪಡಿಸಿದ. ತನ್ನದನ್ನೂ ಕಟ್ಟಿಕೊಂಡ. ಕಿರುಚಾಟ ನಿಂತಿತು. ಫಲಕದಲ್ಲಿ ಈಗ ಮೂವರೂ ಹಸಿರು.

"ಹೊರಡೋಣವಾ?" ಎಂದ.

ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಬ್ರೇಕ್ ಒತ್ತಿದಾಗ ಕಲ್ಲುಗಳು ಒಟ್ಟಿಗೆ ಮುಂದಕ್ಕೆ ಬಾಗಿ, ಬೆಲ್ಟಿಗೆ ಆತುಕೊಂಡು, ಮತ್ತೆ ಹಿಂದಕ್ಕೆ ಒರಗಿದವು. ಎಡಕ್ಕೆ ಷೋರೂಮು, ಬಲಕ್ಕೆ ಮನೆಯ ದಾರಿ, ಎದುರಿಗೆ ಬೆಟ್ಟದ ಏರು. ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಿತ್ತು, ಷೋರೂಮಿನವಳದೇ ಇರಬೇಕು: ಇದೋ, ಅದೋ? ಆರು ಗಂಟೆ.

ಹಸಿರು ಬಿತ್ತು. ಹಿಂದಿನವರು ಹಾರ್ನ್ ಒತ್ತಿದರು. ಆಮೇಲೆ ಅವರ ಹಿಂದಿನವರೂ. ಅವನು ಪಕ್ಕದ ಸೀಟಿನಲ್ಲಿ ವಾಲಿದ್ದ ಒಂದು ಕಿಲೋದ ಕಲ್ಲನ್ನು ಬೆರಳ ತುದಿಯಿಂದ ನೆಟ್ಟಗೆ ಮಾಡಿದ. ತಣ್ಣಗಿತ್ತು. ನಾಲ್ಕೂ ಗಾಲಿಗಳಲ್ಲಿ ಎಳೆತವಿತ್ತು, ಮೂವರೂ ಬೆಲ್ಟ್ ಕಟ್ಟಿದ್ದರು, ಗಾಡಿ ಮಾತ್ರ ಕದಲಲಿಲ್ಲ.